ಕೈ ತಾಳೋ ಅಷ್ಟು ಆರಬೇಕು

ಆ ವಿಡಿಯೊ ನೀವೂ ನೋಡೇ ಇರ್ತೀರಿ. ಉಮರ್ಗಾ, ನಿಲಂಗಾ, ಉದಗೀರ, ಈ ಮೂರೂರಾಗ ಅದನ್ನ ನೋಡಲಾರದ ಮಂದಿ ಯಾರರ ಉಳದಾರೇನು? ಬಿಳಿ ಪಾಯಜಾಮಾ, ಬಿಳಿ ಟೊಪಗಿ ಹಾಕ್ಕೊಂಡ ವಯಸ್ಸಾದ ಮನಶ್ಯಾ ಸಾವಿರ ಮಂದಿ ಮುಂದ ಬಗ್ಗಿ, ಮಗನ ವಯಸ್ಸಿನವನ ಕಾಲು ಹಿಡಕೊಂಡಾನ. ಆ ಬಗ್ಗಿದವ್ರು ನನ್ನ ಗಂಡ. ಹೆಸರು ನಾ ಬಾಯಿಲೆ ಅನಬಾರದು, ಆದ್ರ ಇಲ್ಲಿ ಅನಲಾರದೆ ನಡೆಯಂಗಿಲ್ಲ. ನಿಲಂಗಾದ ಬಟ್ಟಿ ಅಂಗಡಿ ವಿಶ್ವನಾಥಪ್ಪ ಸಾವಕಾರ್ರು. ನಾ ಮಾಣಿಕಬಾಯಿ. ನನಗ ಸಿಟ್ಟು ಜಲ್ದಿ ಬರ್ತದ, ನಡುವ ನಾಕು ಮಾತು ಒರಟ ಬಂದ್ರ ಸಹಿಸ್ಕೋರಿ.

ಮೊದಲ ಅಂಗಡಿ ಮಾತು ಹೇಳ್ತೀನಿ. ನಮ್ಮ ಅಂಗಡ್ಯಾಗ ಯಾರು ಬಟ್ಟಿ ಅಳದು ಹರದ್ರೂ ಇವರು ಅದನ್ನ ತಿರಗಿ ಒಮ್ಮಿ ಮೀಟರ್ ಪಟ್ಟಿ ಹಚ್ಚಿ ಅಳೀತಾರ. ಗಿರಾಕಿಗಿ ಒಂದು ಬೆರಳೂ ಕಮ್ಮಿ ಹೋಗಬಾರದು ಅಂತ. ನಾ ಅಳದಿದ್ದೂ ಅಳೀತಾರ. ಇಷ್ಟು ವರ್ಷ ಸಂಸಾರ ಮಾಡೀನಿ, ನನ್ನ ಕೈಮ್ಯಾಲ ನಂಬಿಗಿ ಇಲ್ಲೇನು ಅಂತ ಎಷ್ಟೋ ಸಲ ಜಗಳಾ ತಗದೀನಿ. ನಕ್ಕೋತ ಅಳದೇ ಕೊಡ್ತಿದ್ರು. ಮಗಳು ಶುಭಾಂಗಿ ಅಳದಿದ್ದು ಮಾತ್ರ ಹಂಗೇ ಮಡಚಿ ಘಡಿ ಮಾಡಿ ಗಿರಾಕಿ ಕೈಯಾಗ ಇಡ್ತಿದ್ರು. ಆಕಿ ಕೈ ಅಂದ್ರ ತಮ್ಮ ಕೈಕಿಂತ ಹೆಚ್ಚು ಅವರಿಗಿ.

ಶುಭಾಂಗಿ ಉದಗೀರದಾಗ ಡಿಪ್ಲೊಮಾ ಓದ್ಯಾಳ. ಅಲ್ಲೇ ಆಕಿಗಿ ಈ ಕಾರ್ಟಿನ ಹುಚ್ಚು ಹತ್ತಿತು. ಕಾರ್ಟ ಅಂದ್ರ ನೆಲಕ್ಕ ಹತ್ತಿ ಓಡೋ ಸಣ್ಣ ರೇಸಿನ ಗಾಡಿ, ಅದಕ್ಕ ಬಾಗಲಾ ಇಲ್ಲ, ಛತ್ತು ಇಲ್ಲ. ಉದಗೀರದ ಹೊರಗ ಬಂದ್ ಬಿದ್ದ ಜಿನ್ನಿಂಗ್ ಮಿಲ್ಲಿನ ಅಂಗಳದಾಗ ಕ್ಲಬ್ಬಿನವ್ರು ಹಳಿ ಟಾಯರ್ ಜೋಡಿಸಿ ಟ್ರ್ಯಾಕ್ ಮಾಡ್ಯಾರ. ನಾ ಮೊದಲ ಬೈದೆ, ಲಗ್ನದ ವಯಸ್ಸಿನ ಪೋರಿ ಕೈಕಾಲು ಮುರಕೊಂಡ್ರ ಹ್ಯಾಂಗ ಅಂತ. ಇವರು ನನ್ನ ಬಾಯಿ ಮುಚ್ಚಿಸಿದ್ರು. ಮನಿ ಹಿಂದ ಆಕಿ ಇಂಜಿನ್ನು ಜೋಡಿಸೋಮುಂದ ಬಾಜೂಕ ಸ್ಟೂಲ್ ಹಾಕ್ಕೊಂಡು ಕೂಡ್ತಿದ್ರು, ನಟ್ಟು ಬಿಚ್ಚೋ ಪಾನಾ ಯಾವುದು ಯಾವುದಂತ ಗೊತ್ತಿಲ್ಲ, ಆಕಿ ಬೈದಂಗ ಬೈದಂಗ ಬ್ಯಾರೆ ತಗದು ಕೊಡ್ತಿದ್ರು.

ಕ್ಲಬ್ಬಿನ್ಯಾಗ ಎಲ್ಲರದೂ ಒಂದೇ ನಮೂನಿ ಇಂಜಿನ್ನು. ಸಿಲಿಂಡರ್ ಕೊರಸಿ ಅಗಲ ಮಾಡಿದ್ರ ಗಾಡಿ ಹೆಚ್ಚು ಓಡ್ತದ, ಅದು ಕಳ್ಳತನ. ಅದಕ್ಕೇ ರೇಸ್ ಮುಗದಮ್ಯಾಲ ಗೆದ್ದವ್ರ ಇಂಜಿನ್ನು ಎಲ್ಲರ ಮುಂದ ಬಿಚ್ಚಿ ನೋಡ್ತಾರ. ನೋಡೋದೂ ಸರಳ. ಗುಂಡಗಿನ ಒಂದು ಉಕ್ಕಿನ ಬಿಲ್ಲೆ ಅದ, ಅದನ್ನ ಸಿಲಿಂಡರಿನ ಬಾಯಿಮ್ಯಾಲ ಇಡಬೇಕು. ಬಿಲ್ಲೆ ಮ್ಯಾಲೇ ಕೂತ್ರ ಇಂಜಿನ್ನು ಸಾಚಾ. ಒಳಗ ಇಳೀತಂದ್ರ ಕೊರಸ್ಯಾರ.

ಆ ಬಿಲ್ಲೆ ಇಡೋ ಕೆಲಸ ರೇಣುಕಾಪ್ರಸಾದರದು. ಕಾಲೇಜಿನ ವರ್ಕಶಾಪಿನಾಗ ಕಲಸ್ತಾರ. ಅವರ ತಂದಿ ಶಾಂತಯ್ಯನವ್ರು ನಮ್ಮ ಮನಿ ಅಯ್ಯನವ್ರು ಇದ್ರು, ಅವರು ಲಿಂಗೈಕ್ಯ ಆದಮ್ಯಾಲ ಪೂಜಾಕ್ಕ ರೇಣುಕಾಪ್ರಸಾದರೇ ಬರ್ತಾರ. ವಯಸ್ಸಿನ್ಯಾಗ ನನ್ನ ಗಂಡಕಿಂತ ಭಾಳ ಸಣ್ಣವರು, ಆದ್ರ ಅಯ್ಯನವ್ರು ಅಯ್ಯನವ್ರೇ. ಎಲ್ಲಿ ಕಂಡ್ರೂ ನನ್ನ ಗಂಡ ಶರಣ್ರಿ ಅಂತ ಬಗ್ಗಿ ಕಾಲು ಮುಟ್ತಾರ, ಬಸ್ ಸ್ಟ್ಯಾಂಡಿನಾಗಾದ್ರೂ ಸೈ. ಕ್ಲಬ್ಬಿನವ್ರು ರೇಣುಕಾಪ್ರಸಾದರನ್ನ ಆರಿಸಿದ್ದೂ ಅದಕ್ಕೇ. ಅಯ್ಯನವ್ರು ನೋಡ್ಯಾರ ಅಂದ್ರ ಮ್ಯಾಲ ಮಾತಿಲ್ಲ.

ಆ ದಿನದ ರೇಸ್ ಗೆದ್ದವ್ರಿಗಿ ಕೊಲ್ಹಾಪುರದ ದೊಡ್ಡ ಟ್ರ್ಯಾಕಿನಾಗ ಓಡಸೋ ಟೀಮಿನ್ಯಾಗ ಜಾಗಾ ಇತ್ತು. ಶುಭಾಂಗಿಗಿ ಬ್ಯಾರೆ ಏನೂ ಬೇಕಾಗಿದ್ದಿಲ್ಲ. ಮೇ ತಿಂಗಳ ಬಿಸಲು, ನೆಲ ಹಂಚಿನಂಗ ಕಾದಿತ್ತು. ಗೆದ್ಲು. ಎರಡನೇದವ ಉಮರ್ಗಾದ ಹುಡುಗ, ಅವನೂ ಬಂದು ಆಕಿ ಕೈ ಕುಲುಕಿದ. ನಾ ಸೆರಗು ಬಾಯಾಗ ಹಿಡಕೊಂಡು ಅತ್ತೆ, ಸುಳ್ಳ್ಯಾಕ ಹೇಳ್ಲಿ.

ಇಂಜಿನ್ನು ಬಿಚ್ಚಾಕ ಒಂದು ನೇಮ ಅದ. ಅದಕ್ಕ ಬರಿಗೈ ಹಚ್ಚಿದ್ರ ಕೈ ತಾಳಬೇಕು, ಅಷ್ಟು ಆರಬೇಕು. ಲೋಖಂಡ ಬಿಸಿ ಆದ್ರ ಹಿಗ್ತದ, ಬಿಲ್ಲೆ ಸುಳ್ಳು ಹೇಳ್ತದ. ಆದ್ರ ಬಕ್ಷೀಸ ಕೊಡಾಕ ಲಾತೂರಿನಿಂದ ಒಬ್ಬ ಪುಢಾರಿ ಬಂದಿದ್ದ. ಅವನಿಗಿ ಇನ್ನೊಂದು ಕಡಿ ರಿಬ್ಬನ್ ಕತ್ತರಸೋದಿತ್ತಂತ, ಗಡಿಬಿಡಿ. ಇಂಥಾವ್ರಿಗಿ ಒಂದು ಇಂಜಿನ್ನು ಆರೋ ತನಕ ಕೂಡಾಕ ಪುರಸತ್ತಿಲ್ಲ ನೋಡ್ರಿ. ಕ್ಲಬ್ಬಿನ ಅಧ್ಯಕ್ಷ ಭೀಮಾಶಂಕರ ಜಲ್ದಿ ಜಲ್ದಿ ಅಂತ ಜೀಂವಾ ತಿಂದ. ರೇಣುಕಾಪ್ರಸಾದರು ಕೈಗವಸು ಹಾಕ್ಕೊಂಡು ಸಿಲಿಂಡರಿನ ಮ್ಯಾಲಿನ ಮುಚ್ಚಳ, ಹೆಡ್, ಬಿಚ್ಚಿದ್ರು. ಕೈಗವಸು ಹಾಕ್ಕೊಂಡ್ರ ಕೈ ಸುಡೋದು ಎಲ್ಲಿ ತಿಳೀಬೇಕು? ಪೆಟಗ್ಯಾಗಿನ ತಣ್ಣಗಿನ ಬಿಲ್ಲೆ ತಗದು ಇಟ್ರು. ಬಿಲ್ಲೆ ಠಣ್ ಅಂತ ಒಳಗ ಬಿತ್ತು.

ಶುಭಾಂಗಿ ಏನೋ ಹೇಳಾಕ ಬಾಯಿ ತೆರದ್ಳು. ಅಷ್ಟ್ರಾಗೇ ಇವರು ಮಂದಿ ಸರಿಸ್ಕೊಂಡು ಹೋದವ್ರೇ ರೇಣುಕಾಪ್ರಸಾದರ ಎರಡೂ ಪಾದ ಹಿಡಕೊಂಡು ಬಗ್ಗಿದ್ರು. ಸುತ್ತ ಫೋನ್ ಎದ್ದು ನಿಂತ್ವು. ಮೈಕಿನ್ಯಾಗ ಮರಾಠಿಲೆ ಶುಭಾಂಗಿ ಬಾದ, ಅಂದ್ರ ರೇಸಿನಿಂದ ಹೊರಗ, ಅಂದ್ರು, ಉಮರ್ಗಾದ ಹುಡುಗಗ ಕಪ್ಪು ಕೊಟ್ರು, ಪುಢಾರಿ ಗಾಡಿ ಹತ್ತಿ ಹೋದ.

ಮಂದಿ ಊಟಕ್ಕ ಹೋದಮ್ಯಾಲ ಶುಭಾಂಗಿ ಒಬ್ಬಾಕೇ ಇಂಜಿನ್ನಿನ ಬಾಜೂಕ ಕುಂತಿದ್ಳು. ಕೈ ಹಚ್ಚಿ ನೋಡಿದ್ಳು, ತಾಳಿತು. ರೇಣುಕಾಪ್ರಸಾದರನ್ನ ಕರದು ಬಿಲ್ಲೆ ಇಡ್ರಿ ಅಂದ್ಳು. ಇಟ್ರು. ಬಿಲ್ಲೆ ಸಿಲಿಂಡರಿನ ಬಾಯಿಮ್ಯಾಲೇ ಕೂತಿತು, ಒತ್ತಿದ್ರೂ ಇಳೀಲಿಲ್ಲ. ಅವರ ಮುಖ ಸುಣ್ಣ ಬಳದಂಗ ಆತು. ಓಡಿ ಭೀಮಾಶಂಕರನ್ನ ಕರಕೊಂಡು ಬಂದು ತೋರ್ಸಿದ್ರು. ಅಂವಾ ಏನಂದ ಗೊತ್ತದೇನು? ರೇಸಿಗಿ ಮೊದಲ ನಾವು ಹಚ್ಚಿದ ಸೀಲ್ ಒಡದಾದ, ಇಂಜಿನ್ನು ಇಷ್ಟೊತ್ತು ಬಯಲಾಗ ಬಿದ್ದಾದ, ನಡುವ ಯಾರು ಏನು ಬದಲಿ ಮಾಡ್ಯಾರೋ ಯಾರಿಗಿ ಗೊತ್ತು. ಹೋಗ್ಲಿ, ಅಪ್ಪನೇ ಕಾಲು ಹಿಡದು ಮಾಫಿ ಕೇಳ್ಯಾನಲ್ಲ, ಇನ್ನೇನು ಉಳೀತು ಅಂದ. ಟೀಮೂ ಹೋಯ್ತು, ಕ್ಲಬ್ಬಿನ ಬಾಗಲಾನೂ ಮುಚ್ಚಿತು.

ಮನಿಗಿ ಬಂದಮ್ಯಾಲ ಪೋರಿ ನನ್ನ ಒಂದೇ ಮಾತು ಕೇಳಿದ್ಳು, ಅಪ್ಪ ಯಾಕ ಬಗ್ಗಿದ ಅಂತ. ನಾ ಅಂದೆ, ಹುಚ್ಚಿ, ಅಯ್ಯನವ್ರನ್ನ ಕಂಡ್ರ ಬಗ್ಗೋದು ಅವರಿಗಿ ರೂಢಿ, ನಿನಗ ಗೊತ್ತಿಲ್ಲೇನು. ಆಕಿ ಹೂಂ ಅಂದ್ಳು. ನನ್ನ ನಾದಿನಿ ಚಂಪಾಬಾಯಿ ಫೋನ್ ಮಾಡಿ ವೈನಿ, ಹಿಂಗ ಮಾಡಬಾರದಿತ್ತು ನಿಮ್ಮ ಶುಭಾಂಗಿ ಅಂದಾಗ ಆಕಿಗೂ ಹಂಗೇ ಝಾಡಿಸಿದೆ. ಓಣಿ ತುಂಬ ಅದನ್ನೇ ಹೇಳ್ಕೋತ ತಿರಗಿದೆ. ರೂಢಿ ರೂಢಿ ಅಂತ. ಇವರು ಮಾತ್ರ ಆ ಮಾತು ಬಂದಾಗೆಲ್ಲಾ ಎದ್ದು ಅಂಗಡಿಗಿ ಹೋಗ್ತಿದ್ರು.

ಶ್ರಾವಣದ ಸೋಮವಾರ ಪೂಜಾಕ್ಕ ರೇಣುಕಾಪ್ರಸಾದರು ಬಂದ್ರು. ಬಂದವ್ರು ಪೂಜಾಕ್ಕ ಕೂಡಲಿಲ್ಲ. ಪಡಸಾಲ್ಯಾಗ ನಿಂತು, ಕ್ಲಬ್ಬಿನ ಕಮಿಟಿಯವ್ರ ಹಿಂದ ಬಿದ್ದು ಬಿದ್ದು ಶುಭಾಂಗಿನ್ನ ತಿರಗಿ ತಗೊಳ್ಳಾಕ ಒಪ್ಪಿಸೀನ್ರಿ ಅಂದ್ರು. ಇಂಜಿನ್ನು ಬಿಸಿ ಇತ್ತು, ತಪ್ಪು ನಂದು ಅಂತ ಅಯ್ಯನವ್ರು ತಾವೇ ಹೇಳಾವ್ರು. ಅಡ್ಡ ಉಳದಿದ್ದು ಆ ವಿಡಿಯೊ ಒಂದೇ. ಅದಕ್ಕ ಸಾವಕಾರ್ರು ಉದಗೀರಕ್ಕ ಬಂದು, ಲಿಂಗ ಅಂಗೈಮ್ಯಾಲ ಇಟಗೊಂಡು, ನಾ ಬರೇ ಶರಣು ಮಾಡೀನಿ, ಮಾಫಿ ಕೇಳಿಲ್ಲ ಅಂತ ಅಂದ್ರ ಸಾಕಂತ. ವಿಶ್ವನಾಥಪ್ಪ ಸಾವಕಾರ್ರು ಲಿಂಗ ಹಿಡದು ಅಂದ್ರ ಯಾರೂ ಎದುರಾಡಂಗಿಲ್ಲ ಅಂತ ಭೀಮಾಶಂಕರನೇ ಅಂದಾನಂತ.

ನನಗ ಹಿಡಸಲಾರದಷ್ಟು ಖುಷಿ ಆತು. ಈಗೇ ಗಾಡಿ ತಗೀರಿ ಅಂದೆ. ಇವರು ಕುಂತಲ್ಲೇ ಕುಂತಿದ್ರು. ಒಂದು ಕೈ ಎದಿಮ್ಯಾಗಿನ ಲಿಂಗದಮ್ಯಾಲ ಇತ್ತು. ಏನ್ರಿ, ಕಿವಿ ಕೇಳಸಂಗಿಲ್ಲೇನು ಅಂತ ನಾ ಗದರಿಸಿದೆ. ಆಗ ಅಂದ್ರು.

"ಬಗ್ಗಿದಾಗ ನಾ ಬಾಯಾಗ ಅಂದೀನ್ರಿ ಅಯ್ಯನವ್ರ. ಪೋರಿ ಸಣ್ಣಾಕಿ, ತಪ್ಪು ಮಾಡ್ಯಾಳ, ಹೊಟ್ಯಾಗ ಹಾಕ್ಕೋರಿ ಅಂತ ಅಂದೀನಿ. ಗದ್ದಲದಾಗ ನಿಮಗ ಕೇಳಿಲ್ಲ."

ಅಯ್ಯನವ್ರ ಪಾದಕ್ಕ ನೀರು ತಂದ ಶುಭಾಂಗಿ ಹೊಸ್ತಿಲದಾಗೇ ನಿಂತಿದ್ಳು. ತಂಬಗಿ ಅಲುಗಾಡ್ಲಿಲ್ಲ.

"ನಾ ಕೊರಸೀನಿ ಅಂತ ಖರೇನ ಅನಿಸಿತ್ತೇನಪ್ಪಾ?"

"ಬಿಲ್ಲೆ ಒಳಗ ಬಿದ್ದಿತ್ತಲ್ಲವ್ವಾ," ಅಂದ್ರು ಇವರು. ಮುಖ ಮ್ಯಾಲ ಎತ್ತಲಿಲ್ಲ.

ನನಗ ನಾಚಿಗಿಲ್ಲ, ಹೇಳ್ತೀನಿ. ಅಯ್ಯನವ್ರ ಎದುರಿಗೇ ನಾ ಇವರಿಗಿ ಸುಳ್ಳು ಹೇಳ್ರಿ ಅಂದೆ. ಲಿಂಗಾನೂ ನಿಮ್ಮದೇ, ಮಗಳೂ ನಿಮ್ಮಾಕೇ, ಒಂದು ಮಾತು ಅಂದು ಬರ್ರಿ, ಪಾಪ ಬಂದ್ರ ನನಗ ಬರಲಿ ಅಂತ ಕೈ ಮುಗದೆ. ಇವರು ಹುಡುಗರಂಗ ಬಿಕ್ಕಿ ಬಿಕ್ಕಿ ಅತ್ರು, ಲಿಂಗದಮ್ಯಾಗಿನ ಕೈ ಮಾತ್ರ ತಗೀಲಿಲ್ಲ. ಶುಭಾಂಗಿ ನನ್ನ ಭುಜಾ ಹಿಡದು, ಬಿಡವ್ವಾ, ಅಪ್ಪಗ ಸುಳ್ಳು ಬರಂಗಿಲ್ಲ ಅಂದ್ಳು. ರೇಣುಕಾಪ್ರಸಾದರು ಪಾದ ತೊಳಸ್ಕೊಳ್ಳಲಾರದೆ ಹೋದ್ರು. ಆಕಿ ಆ ನೀರು ಹಿತ್ತಲಾಗ ಚೆಲ್ಲಿದ್ಳು.

ಇಂಜಿನ್ನು ಮನಿ ಹಿಂದ ಗೋಣಿಚೀಲ ಹೊದ್ದು ಬಿದ್ದಾದ. ಆಕಿ ಈಗ ದಿನಾ ಅಂಗಡ್ಯಾಗ ಕೂಡ್ತಾಳ. ಬೈಯಂಗಿಲ್ಲ, ಅಳಂಗಿಲ್ಲ, ಅಪ್ಪನ ಊಟಕ್ಕ ಕರೀತಾಳ, ಚಾ ಕೊಡ್ತಾಳ. ಆಕಿ ಬೈದಿದ್ರ ನಾ ಬದುಕ್ತಿದ್ದೆ. ಗಿರಾಕಿ ಬಂದಾಗ ಬಟ್ಟಿ ಅಳದು ಹರೀತಾಳ. ಇವರು ಮೊದಲಿನಂಗೇ ಅದನ್ನ ಘಡಿ ಮಾಡಾಕ ಕೈ ಚಾಚ್ತಾರ. ಆಕಿ ಕೊಡಂಗಿಲ್ಲ. ಮೀಟರ್ ಪಟ್ಟಿ ಅವರ ಮುಂದ ಸರಸ್ತಾಳ.

"ಅಪ್ಪಾ, ಒಮ್ಮಿ ಅಳದು ನೋಡು," ಅಂತಾಳ.

ಗಿರಾಕಿ ನೋಡ್ಕೋತ ನಿಂತಿರ್ತಾರ. ಇವರು ಪಟ್ಟಿ ಹಚ್ಚಿ ಅಳೀತಾರ.