ಎರಡನೆಯದೇ ಚೆನ್ನಾಗಿದೆ

ಮಗಳಿಗೆ ನಾಲ್ಕು ವರ್ಷವಿದ್ದಾಗ ಅವಳ ಅಪ್ಪ ಅವಳಿಗೊಂದು ಮಾತು ಕೊಟ್ಟಿದ್ದರು. "ಈ ಸಿಡಿ ಸೆಟ್ಟು ಒಂದು ಹದಕ್ಕೆ ಬರ್ಲಿ ಪುಟ್ಟಾ, ಅದನ್ನ ಹಾಲಿಗೆ ಸಾಗಿಸ್ತೀನಿ. ಆಮೇಲೆ ಈ ಕೋಣೆ ನಿಂದೇ." ಮಗಳು ಬಾಯಲ್ಲಿದ್ದ ಬೆರಳನ್ನು ತೆಗೆಯದೆಯೇ ತಲೆಯಾಡಿಸಿದ್ದಳು. ಈ ಕತೆ ನಡೆಯುವ ಹೊತ್ತಿಗೆ ಅವಳಿಗೆ ಹದಿನೈದು ತುಂಬಿತ್ತು. ಸೆಟ್ಟು ಮಾತ್ರ ಇನ್ನೂ ಹದಕ್ಕೆ ಬಂದಿರಲಿಲ್ಲ.

ನಮ್ಮದು ಮೂರು ಕೋಣೆಯ ಮನೆ. ಒಂದರಲ್ಲಿ ನಾವು ಗಂಡ ಹೆಂಡತಿ, ಒಂದರಲ್ಲಿ ಅತ್ತೆ ಮತ್ತು ಮಗಳು, ಗಾಳಿ ಬೆಳಕು ಚೆನ್ನಾಗಿರುವ ಮೂರನೆಯದರಲ್ಲಿ ಸೆಟ್ಟು. ಅತ್ತೆಗೆ ಗೊರಕೆಯ ಅಭ್ಯಾಸವಿಲ್ಲ, ನಿದ್ದೆಯಲ್ಲಿ ಜಗಳವಾಡುತ್ತಾರೆ. ಹಗಲಿನಲ್ಲೂ ಮೂರು ಸಲ ಮಲಗುತ್ತಾರೆ. ಹಾಗಾಗಿ ಮಗಳು ಓದುವುದು ಬಚ್ಚಲಿನ ಪಕ್ಕದಲ್ಲಿ, ವಾಷಿಂಗ್ ಮೆಷಿನ್ನಿನ ಮೇಲೆ ಪುಸ್ತಕ ಹರಡಿಕೊಂಡು. ಮೆಷಿನ್ನು ಬಟ್ಟೆ ಹಿಂಡುವ ಹೊತ್ತಿನಲ್ಲಿ ಬರೆದ ಪುಟಗಳನ್ನು ಅವಳ ಟೀಚರು ನೋಡಿದ ಕೂಡಲೇ ಗುರುತು ಹಿಡಿಯುತ್ತಿದ್ದರು. "ಮನೇಲಿ ಇವತ್ತು ಒಗೆತ ಇತ್ತಾ?" ಎಂದು ಕೇಳುತ್ತಿದ್ದರಂತೆ. ಹತ್ತನೇ ತರಗತಿಯ ದೊಡ್ಡ ಪರೀಕ್ಷೆಗೆ ಒಂದು ತಿಂಗಳು ಉಳಿದಿತ್ತು. ಮೊದಮೊದಲು ದಿನಾ "ಸೆಟ್ಟಾಯ್ತಾ ಅಪ್ಪಾ?" ಎನ್ನುತ್ತಿದ್ದವಳು ಆಮೇಲೆ ತಿಂಗಳಿಗೊಮ್ಮೆ ಕೇಳುತ್ತಿದ್ದಳು. ಈಗ ಕೇಳುವುದನ್ನೇ ಬಿಟ್ಟಿದ್ದಳು. ನನಗೆ ಸಂಕಟವಾಗುತ್ತಿದ್ದುದು ಅದಕ್ಕೇ.

ಸೆಟ್ಟು ಎಂದರೆ ಒಂದು ಪೆಟ್ಟಿಗೆಯಲ್ಲ. ತಟ್ಟೆ ತಿರುಗಿಸುವುದಕ್ಕೆ ಒಂದು, ತಟ್ಟೆಯಲ್ಲಿರುವ ಅಂಕಿಗಳನ್ನು ಸಂಗೀತ ಮಾಡುವುದಕ್ಕೆ ಡ್ಯಾಕ್ ಎಂಬ ಇನ್ನೊಂದು, ಅದಕ್ಕೆ ಬಲ ತುಂಬುವುದಕ್ಕೆ ಆಂಪ್ಲಿಫೈಯರು, ಕೊನೆಗೆ ನನ್ನ ಭುಜದೆತ್ತರದ ಎರಡು ಸ್ಪೀಕರು. "ಒಂದ್ ಹಾಡಿಗೆ ಇಷ್ಟೊಂದ್ ಡಬ್ಬಾನಾ? ನಾನೆಲ್ಲ ಬಾಯಲ್ಲೇ ಹಾಡ್ಕೋತಿದ್ದೆ," ಎಂದು ಅತ್ತೆ ಮೊದಲ ದಿನವೇ ಹೇಳಿಬಿಟ್ಟಿದ್ದರು. ಡಬ್ಬಗಳ ಆಯ್ಕೆ ಎರಡು ತಿಂಗಳಿಗೆ ಮುಗಿಯಿತು. ಮುಗಿಯದೆ ಉಳಿದದ್ದು ಒಂದು ಡಬ್ಬದಿಂದ ಇನ್ನೊಂದಕ್ಕೆ ಹೋಗುವ ಕೇಬಲ್ಲಿನ ಆಯ್ಕೆ.

ಇದಕ್ಕೆಲ್ಲ ಮೂಲ ಕೇಬಲ್ ಅಂಗಡಿಯವನು. ಅವನಿಗೆ ತಂತಿಗುರು ಎಂದು ಹೆಸರಿಟ್ಟವಳು ಮಗಳು. ಜೋರಾಗಿ ಮಾತಾಡಿದರೆ ತಂತಿಗೆ ನೋವಾಗುತ್ತದೇನೋ ಎಂಬಂತೆ ಪಿಸುಗುಟ್ಟುತ್ತಾನೆ. ಕೇಬಲ್ಲಿಗೂ ಹಿಂದು ಮುಂದು ಇದೆ, ಬಾಣದ ಗುರುತು ನೋಡಿ ಹಾಕಬೇಕು ಎಂದ. ಹಾಕಿದೆವು. ಕೇಬಲ್ಲು ನೆಲಕ್ಕೆ ತಾಗಿದರೆ ಸಂಗೀತ ಸೋರಿಹೋಗುತ್ತದೆ ಎಂದ. ನನ್ನ ಆರು ಟೀ ಕಪ್ಪುಗಳು ಬೋರಲು ಬಿದ್ದು ಕೇಬಲ್ಲನ್ನು ಹೊತ್ತುಕೊಂಡವು, ನಾವು ಸ್ಟೀಲ್ ಲೋಟಕ್ಕಿಳಿದೆವು. ಆ ಕೋಣೆಗೆ ಕಸ ಗುಡಿಸಲು ಹೋದರೆ ಕೊಕ್ಕರೆಯ ಹಾಗೆ ಕಾಲೆತ್ತಿ ಕಾಲೆತ್ತಿ ನಡೆಯಬೇಕು. ಸಿಡಿಯನ್ನು ಒಂದು ರಾತ್ರಿ ಫ್ರೀಜರಿನಲ್ಲಿಟ್ಟರೆ ಧ್ವನಿ ತಿಳಿಯಾಗುತ್ತದೆ ಎಂದೂ ಅಂದ. ಒಮ್ಮೆ ಬಟಾಣಿಯೆಂದು ನಾನು ತೆಗೆದ ಪೊಟ್ಟಣದಲ್ಲಿ ಪಿಯಾನೋ ಇತ್ತು.

ತಂತಿಗುರು ಯಾವುದನ್ನೂ ಕೊಳ್ಳಿ ಎನ್ನುವವನಲ್ಲ. "ತಗೊಂಡ್ ಹೋಗಿ ಸಾರ್. ಹಳೇದನ್ನ ಮೊದ್ಲು ಹಾಕಿ, ಇದನ್ನ ಆಮೇಲೆ ಹಾಕಿ. ಮನೇವ್ರಿಗೆ ಕೇಳ್ಸಿ. ಅವ್ರು ಗೆಲ್ಸಿದ್ದನ್ನ ಇಟ್ಕೊಳ್ಳಿ, ಸೋತಿದ್ದನ್ನ ವಾಪಸ್ ಕೊಡಿ," ಎನ್ನುತ್ತಾನೆ.

ಹಾಗಾಗಿ ಪ್ರತಿ ಭಾನುವಾರ ಮಧ್ಯಾಹ್ನ ನಮ್ಮ ಮನೆಯಲ್ಲಿ ಪರೀಕ್ಷೆ. ನಾನು ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವವಳು. ವಾರದಲ್ಲಿ ಆರು ದಿನ, ದಿನಕ್ಕೆ ಮೂವತ್ತು ಜನರಿಗೆ, "ಇದು ಸ್ಪಷ್ಟ ಇದ್ಯಾ, ಇಲ್ಲಾ ಇದಾ?" ಎಂದು ಗಾಜು ಬದಲಿಸಿ ಕೇಳಿ ಕೇಳಿ ನಾಲಗೆ ಬಿದ್ದುಹೋಗಿರುತ್ತದೆ. ಏಳನೆಯ ದಿನ ಇವರು ನನ್ನನ್ನೇ ಕೂರಿಸಿ ಕೇಳುತ್ತಿದ್ದರು. ನಾನು, ಅತ್ತೆ, ಮಗಳು ಸೆಟ್ಟಿನ ಕೋಣೆಯ ಸೋಫಾದ ಮೇಲೆ ಸಾಲಾಗಿ ಕಣ್ಣು ಮುಚ್ಚಿ ಕೂರಬೇಕು. ಹಾಕುವುದು ಯಾವಾಗಲೂ ಅದೇ ಪಿಯಾನೋ, ಮೂರು ನಿಮಿಷ. ಎರಡನೆಯ ನಿಮಿಷದ ಹತ್ತಿರ ಯಾರೋ ಕುರ್ಚಿ ಸರಿಸಿದ ಸದ್ದು ಬರುತ್ತದಂತೆ. "ಕೇಬಲ್ ಒಳ್ಳೇದಾದ್ರೆ ಅದು ಯಾವ್ ಮರದ ಕುರ್ಚಿ ಅಂತ್ಲೂ ಗೊತ್ತಾಗುತ್ತಂತೆ," ಎಂದು ಇವರು ತಂತಿಗುರುವಿನ ಪಿಸುದನಿಯಲ್ಲೇ ಹೇಳುತ್ತಿದ್ದರು. ಹಳೆಯದರಲ್ಲಿ ಒಂದು ಸಲ, ಹೊಸದರಲ್ಲಿ ಒಂದು ಸಲ. ಆಮೇಲೆ ಪ್ರಶ್ನೆ: "ಮೊದಲನೇದಾ, ಎರಡನೇದಾ?"

ಮೊದಲ ವರ್ಷದಲ್ಲಿ ಒಮ್ಮೆ ಅತ್ತೆ "ಮೊದಲನೇದು" ಎಂದುಬಿಟ್ಟಿದ್ದರು. ಇವರು ಹೊಸ ಕೇಬಲ್ಲು ಬಿಚ್ಚಿ, ಹಳೆಯದನ್ನು ಮತ್ತೆ ಸಿಕ್ಕಿಸಿ, ಬಾಣ ನೋಡಿ, ಕಪ್ಪು ಜೋಡಿಸಿ, ಖಾತ್ರಿ ಮಾಡಿಕೊಳ್ಳಲು ಇನ್ನೆರಡು ಸಲ ಪಿಯಾನೋ ಹಾಕಿದರು. ಒಲೆಯ ಮೇಲಿಟ್ಟ ಹಾಲು ಉಕ್ಕಿ, ಬತ್ತಿ, ಪಾತ್ರೆ ಕರಿಕಲಾಯಿತು. ಆ ದಿನದಿಂದ ನಾವು ಮೂವರೂ ಪ್ರತಿ ಸಲ ಹೇಳಿದ್ದು "ಎರಡನೇದು." ಯಾರೂ ಕೂತು ಮಾತಾಡಿಕೊಂಡದ್ದಲ್ಲ, ತಾನಾಗಿ ಆದದ್ದು. ಎರಡನೆಯದು ಹೇಗೂ ಸಿಕ್ಕಿಸಿಯೇ ಇರುತ್ತದಲ್ಲ, ನಾವು ಎದ್ದು ಹೋಗಬಹುದು.

ಮಗಳ ಪರೀಕ್ಷೆಯ ಪ್ರವೇಶಪತ್ರಕ್ಕೆ ಫೋಟೋ ಅಂಟಿಸಲು ಗೋಂದು ಹುಡುಕುತ್ತಿದ್ದಾಗ ಇವರ ಮೇಜಿನ ಖಾನೆಯಲ್ಲಿ ಒಂದು ದಪ್ಪ ನೋಟುಬುಕ್ಕು ಸಿಕ್ಕಿತು. ಗೆರೆ ಎಳೆದು, ದುಂಡಗಿನ ಅಕ್ಷರದಲ್ಲಿ, ಹನ್ನೊಂದು ವರ್ಷದ ಭಾನುವಾರಗಳು. ಮೊದಲನೆಯದು ಯಾವ ಕೇಬಲ್ಲು, ಎರಡನೆಯದು ಯಾವುದು, ಮನೆಯವರ ತೀರ್ಪು. ತೀರ್ಪಿನ ಸಾಲಿನಲ್ಲಿ ಪುಟ ತಿರುಗಿಸಿದಷ್ಟೂ ಎರಡನೆಯದು, ಎರಡನೆಯದು, ಎರಡನೆಯದು. ಪಕ್ಕದಲ್ಲಿ ನಮ್ಮ ಮಾತುಗಳನ್ನೂ ಬರೆದಿದ್ದರು. "ಅಮ್ಮ: ಗಾಳಿ ಆಡಿದ ಹಾಗಿದೆ. ಅವಳು: ತುಂಬಾ ಸ್ಪಷ್ಟ. ಮಗಳು: ಹ್ಞೂಂ." ಮೊದಲ ವರ್ಷ ಸೋತ ಬೂದು ಕೇಬಲ್ಲು ಐದನೆಯ ವರ್ಷ ತಂತಿಗುರುವಿನ ಅಂಗಡಿಯಿಂದ ಮರಳಿ ಬಂದು ಗೆದ್ದಿತ್ತು, ಆರನೆಯ ವರ್ಷ ಸೋತಿತ್ತು, ಒಂಬತ್ತರಲ್ಲಿ ಮತ್ತೆ ಗೆದ್ದಿತ್ತು.

ಗೋಂದಿನ ವಿಷಯ ಮರೆತು ಅಲ್ಲೇ ಕುಸಿದು ಕೂತೆ. ಹೊಸ ಕೇಬಲ್ಲು ಯಾವಾಗಲೂ ಎರಡನೆಯದು. ಎರಡನೆಯದೇ ಯಾವಾಗಲೂ ಗೆಲ್ಲುವುದು. ಹೊಸದು ಗೆಲ್ಲುತ್ತಿರುವ ತನಕ ಇನ್ನೂ ಒಳ್ಳೆಯದು ಎಲ್ಲೋ ಇದೆಯೆಂದೇ ಅರ್ಥವಲ್ಲವೇ? ಇವರು ಯಾಕೆ ನಿಲ್ಲಿಸುತ್ತಾರೆ? ಇಷ್ಟು ವರ್ಷ ಮಗಳ ಕೋಣೆಯ ಬಾಗಿಲಿಗೆ ಅಡ್ಡ ಕೂತಿದ್ದವರು ನಾವು. ಮಗಳೂ ಸೇರಿ.

ಅಡುಗೆಮನೆಯಲ್ಲಿ ಸಭೆ ಸೇರಿಸಿದೆ.

"ಅಂದ್ರೆ ಈ ಭಾನುವಾರ ಎಲ್ರೂ ಮೊದಲನೇದು ಅನ್ಬೇಕು," ಎಂದೆ. "ಹಳೇದೇ ಚೆನ್ನಾಗಿದೆ ಅಂದ್ರೆ ಹೊಸದು ಬೇಡ ಅಂತಾಯ್ತು. ಸೆಟ್ಟು ಮುಗೀತು."

"ಪಾತ್ರೆ?" ಎಂದರು ಅತ್ತೆ.

"ಒಲೆ ಮೇಲೆ ಏನೂ ಇಡಲ್ಲ ಅತ್ತೆ."

"ಹಾಗಾದ್ರೆ ಆಗ್ಲಿ. ಆದ್ರೆ ಬರೀ ಮೊದಲನೇದು ಅಂದ್ರೆ ಅವ್ನು ನಂಬಲ್ಲ. ಸ್ವಲ್ಪ ಉಪ್ಪು ಖಾರ ಹಾಕ್ಬೇಕು. ಅದು ನಂಗ್ ಬಿಡಿ."

"ಅಜ್ಜೀ, ಜಾಸ್ತಿ ಹಾಕ್ಬೇಡ," ಎಂದಳು ಮಗಳು. ಆಮೇಲೆ ಮೆಲ್ಲಗೆ ನನ್ನನ್ನು ಕೇಳಿದಳು: "ನಿಜವಾಗ್ಲೂ ಕೋಣೆ ಸಿಗುತ್ತಾಮ್ಮಾ? ಪರೀಕ್ಷೆಗೆ ಮುಂಚೆ?" ನಾನು ಪಾತ್ರೆ ಉಜ್ಜುವುದರಲ್ಲಿ ಮುಳುಗಿದವಳ ಹಾಗೆ ನಟಿಸಿದೆ.

ಭಾನುವಾರ ಊಟವಾದ ಮೇಲೆ ಸಾಲಾಗಿ ಕೂತು ಕಣ್ಣು ಮುಚ್ಚಿದೆವು. ಇವರು ಅಂದು ಎಂದಿಗಿಂತ ಹುರುಪಿನಲ್ಲಿದ್ದರು. ಪಿಯಾನೋ ಬಂತು, ಮುಗಿಯಿತು. ಸೆಟ್ಟಿನ ಹಿಂದೆ ಟರಕ್ ಪರಕ್ ಎಂದು ಬಿಚ್ಚಿ ಸಿಕ್ಕಿಸುವ ಸದ್ದಾಯಿತು. ಪಿಯಾನೋ ಮತ್ತೆ ಬಂತು, ಮುಗಿಯಿತು.

"ಹ್ಞಾಂ, ಹೇಳಿ."

"ಮೊದಲನೇದು!" ಮೂವರೂ ಒಂದೇ ಉಸಿರಿಗೆ, ಹಾಜರಿ ಕೂಗುವ ಮಕ್ಕಳ ಹಾಗೆ ಹೇಳಿದೆವು.

ಉಪ್ಪು ಖಾರದ ಹೊಣೆ ಅತ್ತೆ ಹೊತ್ತುಕೊಂಡರು. "ಮೊದಲನೇದ್ರ ಮುಂದೆ ಎರಡನೇದನ್ನ ನಿವಾಳಿಸಿ ಎಸೀಬೇಕು ಕಣೋ. ತಗಡು ಬಡಿದ ಹಾಗೆ! ಮೊದಲನೇದ್ರಲ್ಲಿ ಆ ಕುರ್ಚಿ ಇತ್ತಲ್ಲ, ತೇಗದ್ದು ಅಂತ ಎದ್ದು ಕಾಣ್ತಿತ್ತು."

"ಅಜ್ಜೀ..." ಎಂದಳು ಮಗಳು ಹಲ್ಲು ಕಚ್ಚಿಕೊಂಡು.

ಕಣ್ಣು ಬಿಟ್ಟೆ. ಹೊಸ ಕೇಬಲ್ಲು ಇನ್ನೂ ಅದರ ಪೆಟ್ಟಿಗೆಯಲ್ಲೇ ಸುರುಳಿ ಸುತ್ತಿ ಮಲಗಿತ್ತು.

"ನಾನು ಏನೂ ಬದಲಾಯಿಸ್ಲೇ ಇಲ್ಲ," ಎಂದರು ಇವರು. "ಬಿಚ್ಚಿ ಅದನ್ನೇ ಮತ್ತೆ ಹಾಕ್ದೆ."

ನನ್ನ ಕಿವಿ ಬಿಸಿಯಾಯಿತು. ಇದು ನನ್ನ ಅಂಗಡಿಯ ಉಪಾಯ. ಬಾಯಿಗೆ ಬಂದದ್ದು ಹೇಳುವ ಗಿರಾಕಿಗಳಿಗೆ ನಾವು ಅದೇ ಗಾಜನ್ನು ಎರಡು ಸಲ ತೋರಿಸುತ್ತೇವೆ. ಊಟಕ್ಕೆ ಕೂತಾಗ ಇವರಿಗೆ ಇದನ್ನು ನಗುನಗುತ್ತಾ ಹೇಳಿದ್ದವಳೂ ನಾನೇ.

"ನಮ್ ಮೇಲೇ ಅನುಮಾನಾನಾ?" ಎಂದೆ. ತಪ್ಪು ನಮ್ಮದೇ ಆದಾಗ ಮೊದಲು ಜೋರು ಮಾಡಿಬಿಡಬೇಕಲ್ಲ.

"ಅನುಮಾನ ಅಲ್ಲ ಕಣೇ." ಇವರ ಮುಖ ಸಪ್ಪಗಾಗಿತ್ತು. "ತಂತಿಗುರು ಹತ್ರ ಪಂದ್ಯ ಕಟ್ಟಿದ್ದೆ. ನಮ್ಮನೆಯವ್ರ ಕಿವಿ ಅಂದ್ರೆ ಏನು ಅಂದ್ಕೊಂಡಿದೀಯ, ಒಂದೇ ಕೇಬಲ್ ಎರಡ್ ಸಲ ಹಾಕಿದ್ರೆ ಎರಡೂ ಒಂದೇ ಅಂತ ಥಟ್ ಅಂತ ಹಿಡೀತಾರೆ ಅಂತ."

ನಿಜ ಹೇಳಿದವಳು ಮಗಳು. "ಅಪ್ಪಾ, ಎರಡನೇದು ಅಂದ್ರೆ ಬೇಗ ಎದ್ದು ಹೋಗ್ಬಹುದು. ಅದಕ್ಕೇ ಹಾಗನ್ತಿದ್ವಿ. ಇವತ್ತು ಮೊದಲನೇದು ಅಂದಿದ್ದು... ಅಂದ್ರೆ ನೀನು ನಿಲ್ಲಿಸ್ತೀಯ ಅಂತ."

"ಎಲ್ಲಾ ಸಲಾನೂ ಹಾಗೇನಾ?"

"ಒಂದ್ ಸಲ ಬಿಟ್ಟು," ಎಂದರು ಅತ್ತೆ. "ಆವತ್ತು ಪಾತ್ರೆ ಹೋಯ್ತು."

ಇವರು ಸ್ಪೀಕರಿನ ಪಕ್ಕ ನೆಲದ ಮೇಲೆ, ಟೀ ಕಪ್ಪುಗಳ ನಡುವೆ ಕೂತರು. ಬಯ್ದಿದ್ದರೆ ಚೆನ್ನಾಗಿತ್ತು. ಬಯ್ಯಲಿಲ್ಲ.

"ಅದಿರ್ಲಿ ರೀ," ಎಂದೆ. "ನಮ್ಮನ್ನ ಕೇಳ್ತಾನೇ ಇದ್ರಲ್ಲ, ನಿಮ್ಗೆ ಯಾವ್ದು ಚೆನ್ನಾಗ್ ಕೇಳ್ತಿತ್ತು? ಒಂದ್ ದಿನಾನೂ ಹೇಳ್ಲೇ ಇಲ್ಲ."

"ನಂಗೆಲ್ಲಿ ಕೇಳುತ್ತೆ?"

ಇವರು ರಟ್ಟಿನ ಪೆಟ್ಟಿಗೆ ಮಾಡುವ ಕಾರ್ಖಾನೆಯಲ್ಲಿ ಕತ್ತರಿಸುವ ಮೆಷಿನ್ನಿನ ಮೇಸ್ತ್ರಿ. ಆ ಮೆಷಿನ್ನಿನ ಪಕ್ಕ ನಿಂತವರು ಪರಸ್ಪರ ಮಾತಾಡುವುದೂ ಕೈಸನ್ನೆಯಲ್ಲೇ.

"ಇಪ್ಪತ್ತು ವರ್ಷ ಆಯ್ತು ಅದ್ರ ಪಕ್ಕ ನಿಂತು," ಎಂದರು. "ಸಣ್ಣ ಸದ್ದೆಲ್ಲ ಯಾವಾಗ್ಲೋ ಹೋಯ್ತು. ತಂತಿಗುರು ಮಾತೂ ತುಟಿ ನೋಡೇ ತಿಳ್ಕೋತೀನಿ. ಆ ಕುರ್ಚಿ ನಂಗೆ ಒಂದ್ ದಿನಾನೂ ಕೇಳಿಲ್ಲ. ನಿಮ್ಗೆ ಕೇಳುತ್ತಲ್ಲ ಅಂತ ನಿಮ್ಮನ್ನ ಕೇಳ್ತಿದ್ದೆ. ಸರಿಯಾದ ಕೇಬಲ್ ಸಿಕ್ಕಿದ್ರೆ ನಂಗೂ ಕೇಳ್ಸೀತು ಅಂತ ಒಂದು ಆಸೆ."

ಹನ್ನೊಂದು ವರ್ಷ ಕಿವಿ ಕೇಳದವರೊಬ್ಬರು ಗಮನ ಕೊಡದ ಮೂವರನ್ನು ನಂಬಿಕೊಂಡು ಕೇಬಲ್ಲು ಆರಿಸುತ್ತಿದ್ದರು. ನನಗೆ ನಗು ಬಂತು, ಅರ್ಧಕ್ಕೇ ನಿಲ್ಲಿಸಿದೆ. ಅತ್ತೆ ಸೆರಗಿನಲ್ಲಿ ಮೂಗೊರೆಸಿಕೊಂಡು, "ಮೊದ್ಲೇ ಹೇಳ್ಬಾರ್ದೇನೋ ಮಂಕೇ. ತೇಗ ಅಂತೆಲ್ಲ ನಾನು ಸುಳ್ಳು ಹೇಳೋದು ತಪ್ತಿತ್ತು," ಎಂದರು.

ಮಗಳು ಎದ್ದು ಕೊಕ್ಕರೆ ಹೆಜ್ಜೆಯಲ್ಲಿ ಕಪ್ಪುಗಳನ್ನು ದಾಟಿ ಅವರ ಪಕ್ಕ ಕೂತಳು. "ರಿಮೋಟ್ ಕೊಡಪ್ಪಾ." ಪಿಯಾನೋ ಹಾಕಿ ಅಪ್ಪನ ಮಂಡಿಯ ಮೇಲೆ ಬೆರಳಿಟ್ಟಳು. ಯಾರೂ ಹೇಳದೆಯೇ ನಾವೆಲ್ಲ ಕಣ್ಣು ಮುಚ್ಚಿದೆವು. ಎರಡನೆಯ ನಿಮಿಷದ ಹತ್ತಿರ ಅವಳು ಮಂಡಿಯನ್ನು ಟಪ್ಪೆಂದು ತಟ್ಟಿದಳು. "ಈಗ. ಕುರ್ಚಿ."

"ನಿಂಗ್ ಕೇಳ್ತಾ?"

"ಯಾವ್ ಕೇಬಲ್ ಹಾಕಿದ್ರೂ ಕೇಳುತ್ತೆ ಅಪ್ಪಾ. ಬೂದು ಬಣ್ಣದ್ದು ಹಾಕಿದಾಗ್ಲೂ ಕೇಳ್ತಿತ್ತು. ಎಲ್ಲದ್ರಲ್ಲೂ ಒಂದೇ ಥರ."

"ಯಾವ್ ಮರ?"

"ಪ್ಲಾಸ್ಟಿಕ್ ಅಪ್ಪಾ."

ಇವರು ಅವಳ ಮುಖ ನೋಡಿದರು. ಮೊದಲು ಭುಜ ಅಲುಗಿತು, ಆಮೇಲೆ ಹೊಟ್ಟೆ, ಆಮೇಲೆ ಎರಡು ಕಪ್ಪು ಉರುಳಿ ಬಿದ್ದವು. ಅಷ್ಟು ನಕ್ಕದ್ದನ್ನು ನಾನು ನೋಡಿ ಬಹಳ ದಿನವಾಗಿತ್ತು. ನಕ್ಕು ಮುಗಿಸಿ ಕಣ್ಣೊರೆಸಿಕೊಂಡು, "ಎಲ್ಲಾ ಒಂದೇ ಥರ ಅಂದ್ರೆ," ಎಂದು ಯೋಚಿಸಿದರು, "ಸೆಟ್ಟು ಆಯ್ತು ಅಂತ್ಲೇ ಅಲ್ವಾ?"

ಮಗಳು ಬಿದ್ದ ಎರಡು ಕಪ್ಪನ್ನು ಎತ್ತಿ ಬದಿಗಿಟ್ಟಳು.

ಅಷ್ಟರಲ್ಲಿ ಫೋನು ಬಂತು. ತಂತಿಗುರು. ಫೋನಿನ ಸ್ಪೀಕರಿಗೆ ಹಾಕಿದರೂ ಅವನ ಪಿಸುಮಾತು ಕೇಳಲು ನಾವೆಲ್ಲ ಬಗ್ಗಬೇಕಾಯಿತು. "ಏನ್ ಸಾರ್, ಹಿಡಿದ್ರಾ ಮನೇವ್ರು?" ಮಗಳು ಅದನ್ನು ಅಪ್ಪನ ಕಿವಿಗೆ ಜೋರಾಗಿ ದಾಟಿಸಿದಳು.

"ಇಲ್ಲಪ್ಪ. ನಮ್ಮನೇಲಿ ಯಾರಿಗೂ ಕಿವಿ ಇಲ್ಲ," ಎಂದರು ಇವರು, ಕಾರ್ಖಾನೆಯ ಗಂಟಲಲ್ಲಿ. "ಪಂದ್ಯ ನೀನೇ ಗೆದ್ದೆ. ನಾಳೆ ಕೇಬಲ್ ವಾಪಸ್ ತರ್ತೀನಿ."

"ಅಯ್ಯೋ ಸಾರ್, ಹಾಗಾದ್ರೆ ಕಿವಿ ಪಳಗ್ಸೋಕೆ ಒಂದು..."

"ಬೇಡ," ಎಂದಳು ಮಗಳು ಫೋನಿಗೆ.

ಮುಂದಿನ ಭಾನುವಾರ ಸೆಟ್ಟನ್ನು ಹಾಲಿಗೆ ಸಾಗಿಸಿದೆವು. ಸ್ಪೀಕರು ಎತ್ತುವಾಗ ಇವರ ಸೊಂಟ ಹಿಡಿಯಿತು, ಡ್ಯಾಕನ್ನು ಅತ್ತೆ ಮೊಮ್ಮಗುವಿನಂತೆ ಎತ್ತಿಕೊಂಡು ಬಂದರು. ಪೆಟ್ಟಿಗೆಗಳ ಜೊತೆ ಬಂದಿದ್ದ, ಯಾರೂ ಹೆಸರಿಡದ ಕರಿ ಕೇಬಲ್ಲನ್ನೇ ಸಿಕ್ಕಿಸಿದೆವು. ಸಂಜೆ ಮಗಳ ಪುಸ್ತಕ, ಹಾಸಿಗೆ, ಬಟ್ಟೆಗಳು ಆ ಕೋಣೆಗೆ ಹೋದವು. ಪರೀಕ್ಷೆಗೆ ಇನ್ನೂ ಹತ್ತೊಂಬತ್ತು ದಿನವಿತ್ತು. ಅವಳ ಅಪ್ಪ ಕೊಟ್ಟ ಮಾತನ್ನು ಹನ್ನೊಂದು ವರ್ಷ ತಡವಾಗಿ ಉಳಿಸಿಕೊಂಡರು.