ಗುರುವಾರದ ಬಡ್ಡಿ ಲೆಕ್ಕ

ಬ್ಯಾಂಕಿನವರು ತಾವಾಗಿಯೇ ದುಡ್ಡು ವಾಪಸು ಕೊಡುತ್ತೇವೆಂದು ಪತ್ರ ಬರೆದರೆ ಯಾರು ನಂಬುತ್ತಾರೆ? ಕನ್ನಡಕದಂಗಡಿಯಲ್ಲಿ ಕೆಲಸ ಮಾಡುವ ಇವಳೂ ನಂಬಲಿಲ್ಲ. ಲಕೋಟೆಯನ್ನು ಎರಡು ಸಲ ತಿರುಗಿಸಿ ನೋಡಿದಳು, ಪಕ್ಕದ ಮನೆಯವರದ್ದು ತಪ್ಪಿ ಬಂದಿರಬೇಕು ಅಂದುಕೊಂಡಳು. ಆದರೆ ಮೇಲಿದ್ದದ್ದು ಅವಳದೇ ಹೆಸರು. ಅದರ ಪಕ್ಕದಲ್ಲಿ, ಮೂರು ವರ್ಷದಿಂದ ಯಾವ ಲಕೋಟೆಯ ಮೇಲೂ ಅವಳ ಜೊತೆ ಕಾಣಿಸಿಕೊಳ್ಳದ ಇನ್ನೊಂದು ಹೆಸರು.

ಆ ಹೆಸರಿನವರು ಡ್ರೈವಿಂಗ್ ಮೇಷ್ಟ್ರು, ಒಂದು ಕಾಲದಲ್ಲಿ ಅವಳ ಗಂಡ. ಒಂದೇ ಒಂದು ಕಾರಿಟ್ಟುಕೊಂಡು ಊರಿನ ಅರ್ಧ ಜನಕ್ಕೆ ಸ್ಟಿಯರಿಂಗ್ ಹಿಡಿಯಲು ಕಲಿಸಿದವರು. ಪಕ್ಕದ ಸೀಟಿನಲ್ಲಿ ಕೂತು ತಮ್ಮ ಕಾಲಡಿಯ ಬ್ರೇಕ್ ಒತ್ತುವುದೇ ಕಸುಬಾಗಿ, ಮನೆಯಲ್ಲಿ ಯಾರಾದರೂ ಸ್ವಲ್ಪ ಜೋರಾಗಿ ಮಾತಾಡಿದರೂ ಅವರ ಬಲಗಾಲು ತಾನಾಗಿ ನೆಲ ಒತ್ತುತ್ತಿತ್ತು.

ಇಬ್ಬರೂ ಬೇರೆಯಾದದ್ದಕ್ಕೆ ದೊಡ್ಡ ಕಾರಣ ಹುಡುಕಲು ಹೋಗಬೇಡಿ. ಕುಡಿತವಿರಲಿಲ್ಲ, ಹೊಡೆತವಿರಲಿಲ್ಲ, ಮೂರನೆಯವರೂ ಇರಲಿಲ್ಲ. ಮನಸ್ಸಿನಲ್ಲಿರುವುದನ್ನು ಬಾಯಿಬಿಟ್ಟು ಹೇಳುವ ಅಭ್ಯಾಸ ಇಬ್ಬರಿಗೂ ಇರಲಿಲ್ಲ, ಅಷ್ಟೆ. ಬೇಸರವಾದರೆ ಅವಳು ಪಾತ್ರೆ ತೊಳೆಯುತ್ತಿದ್ದಳು, ಮೇಷ್ಟ್ರು ಕಾರು ತೊಳೆಯುತ್ತಿದ್ದರು. ಪಾತ್ರೆ ಫಳಫಳ, ಕಾರು ಫಳಫಳ, ಸಂಸಾರಕ್ಕೆ ಮಾತ್ರ ತುಕ್ಕು. ಒಂದು ದಿನ ಅವಳು, ಬೇರೆಯಾಗೋಣವಾ ಎಂದು ಕೇಳಿ, ಅವರು ಬೇಡ ಅನ್ನಲಿ ಎಂದು ಕಾದಳು. ಅವರು, ನಿನ್ನಿಷ್ಟ ಅಂದು, ಅವಳೇ ಬೇಡ ಅನ್ನಲಿ ಎಂದು ಕಾದರು. ಹೀಗೆ ಇಬ್ಬರಿಗೂ ಬೇಡವಾದದ್ದು ಇಬ್ಬರ ಒಪ್ಪಿಗೆಯಿಂದಲೇ ನಡೆದುಹೋಯಿತು. ಇದ್ದ ಮನೆಯನ್ನು ಮಾರಿ, ಸಾಲ ತೀರಿಸಿ, ಉಳಿದದ್ದನ್ನು ಹಂಚಿಕೊಂಡರು.

ಈಗ ಬಂದ ಪತ್ರ ಆ ಮನೆಸಾಲದ್ದು. ಸಾಲ ಕೊಡುವಾಗ ಬ್ಯಾಂಕಿನವರು ಜೊತೆಗೊಂದು ವಿಮೆಯನ್ನೂ ಅಂಟಿಸಿದ್ದರು. ಕೆಲಸ ಹೋದರೆ ವಿಮೆಯೇ ಸಾಲದ ಕಂತು ಕಟ್ಟುತ್ತದೆ ಎಂದು ಆಫೀಸರು ಬಾಯಲ್ಲಿ ಬೆಣ್ಣೆ ಇಟ್ಟುಕೊಂಡು ಹೇಳಿದ್ದರು. ಸಂಬಳದ ನೌಕರಿ ಇದ್ದವರಿಗೆ ಮಾತ್ರ ಅದು ಸಲ್ಲುತ್ತದೆ ಎಂಬುದನ್ನು ಹೇಳಿರಲಿಲ್ಲ. ವಿಮೆ ಮೇಷ್ಟ್ರ ಹೆಸರಿನಲ್ಲಿತ್ತು. ಮೇಷ್ಟ್ರನ್ನು ಕೆಲಸದಿಂದ ತೆಗೆಯಬೇಕಾದರೆ ಮೇಷ್ಟ್ರೇ ತೆಗೆಯಬೇಕು! ಏಳು ವರ್ಷ ಕಟ್ಟಿದ ಆ ಕಂತುಗಳೆಲ್ಲ ನೀರಲ್ಲಿ ಹೋಮ. ಆ ತಪ್ಪನ್ನು ಬ್ಯಾಂಕು ಈಗ ಒಪ್ಪಿಕೊಂಡಿತ್ತು. ಕಟ್ಟಿದ್ದನ್ನೆಲ್ಲ ವರ್ಷಕ್ಕೆ ನೂರಕ್ಕೆ ಎಂಟರಂತೆ ಬಡ್ಡಿ ಸೇರಿಸಿ ಕೊಡುತ್ತೇವೆ, ಪಟ್ಟಿ ಪರಿಶೀಲಿಸಿ ಒಪ್ಪಿಗೆಯಾದರೆ ಇಬ್ಬರೂ ಸಹಿ ಹಾಕಿ ಮೂವತ್ತು ದಿನದೊಳಗೆ ಕಳಿಸಿ ಎಂದಿತ್ತು.

ಅವಳು ಅಂದೇ ಸಂಜೆ ಅಂಗಡಿಯ ಕ್ಯಾಲ್ಕುಲೇಟರ್ ಮನೆಗೆ ತಂದು, ಪಟ್ಟಿಯ ಒಂದೊಂದು ಸಾಲನ್ನೂ ಕುಟ್ಟಿ ನೋಡಿದಳು. ಎಲ್ಲ ಸರಿಯಾಗಿತ್ತು. ಮೇಷ್ಟ್ರಿಗೆ ಫೋನ್ ಮಾಡಿ ಲೆಕ್ಕ ಸರಿಯಿದೆ ಎಂದು ಒಂದು ಮಾತು ಹೇಳಿ, ಸಹಿ ಹಾಕಿಸಿಕೊಂಡರೆ ಕಥೆ ಮುಗಿಯುತ್ತಿತ್ತು. ಅವಳು ಹೇಳಿದ್ದೇ ಬೇರೆ: ಬಡ್ಡಿ ಲೆಕ್ಕ ತನಗೆ ಅರ್ಥವಾಗುತ್ತಿಲ್ಲ, ಗುರುವಾರ ತನಗೆ ರಜೆ, ಬಂದು ನೋಡಿದರೆ ಒಳ್ಳೆಯದು. ಇನ್ನೊಬ್ಬರ ಮಾತು ನಂಬಿ ಸಹಿ ಹಾಕುವ ಮನುಷ್ಯ ಅವರಲ್ಲ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಸುಳ್ಳು. ಅವರನ್ನು ನೋಡಬೇಕೆನಿಸಿತ್ತು. ಇಬ್ಬರ ಹೆಸರೂ ಇರುವ ಕಾಗದ ಜಗತ್ತಿನಲ್ಲಿ ಇನ್ನು ಇದೊಂದೇ, ಇದಕ್ಕೂ ಸಹಿ ಬಿದ್ದರೆ ಅವರು ಈ ಬಾಗಿಲಿಗೆ ಬರಲು ನೆಪವೇ ಉಳಿಯುವುದಿಲ್ಲ ಎಂದು ಹೆದರಿಕೆಯೂ ಆಗಿತ್ತು.

ಮೊದಲ ಗುರುವಾರ ಮೇಷ್ಟ್ರು ಬಂದಾಗ ದೊಡ್ಡ ತೊಡಕಾದದ್ದು ಒಬ್ಬರನ್ನೊಬ್ಬರು ಕರೆಯುವುದು ಹೇಗೆಂಬುದು. ರೀ ಅನ್ನಲು ಅಧಿಕಾರವಿಲ್ಲ, ಹೆಸರು ಹಿಡಿದು ಕರೆಯಲು ನಾಲಿಗೆ ಹೊರಳದು. ಅವಳು ಗೋಡೆಗೆ ಹೇಳಿದಂತೆ, ಚಹಾ ಆಗಿದೆ ಅಂದಳು. ಅವರೋ ಅವಳನ್ನು ‘ನೀವು’ ಎಂದು ಕರೆದು, ತಾವೇ ಕೆಮ್ಮಿಬಿಟ್ಟರು. ಆಮೇಲೆ ಅಡುಗೆಮನೆಯ ಮೇಜಿನ ಮೇಲೆ ಪಟ್ಟಿ ಹರಡಿಕೊಂಡು ಮೊದಲ ಹಾಳೆಯನ್ನೇ ನೋಡುತ್ತ ಕೂತರು. ಎರಡು ಲೋಟ ಚಹಾ ಮುಗಿದರೂ ಹಾಳೆ ಮಗುಚಲಿಲ್ಲ. ಪೆಟ್ರೋಲಿನ ಲೆಕ್ಕವನ್ನು ಬಾಯಲ್ಲೇ ಮಾಡಿ ಮುಗಿಸುವ ಮನುಷ್ಯ! ಅಕ್ಷರ ಬಹಳ ಸಣ್ಣದು, ಮುಂದಿನ ವಾರ ನೋಡೋಣ ಎಂದು ಎದ್ದರು.

ಕನ್ನಡಕದಂಗಡಿಯವಳ ಮುಂದೆ ಅಕ್ಷರ ಸಣ್ಣದು ಅಂದರೆ ಆದೀತೇ? ಎರಡನೆಯ ಗುರುವಾರಕ್ಕೆ ಅವಳು ಓದುವ ಕನ್ನಡಕವನ್ನೇ ತಂದಿಟ್ಟಳು. ಮೇಷ್ಟ್ರು ಅದನ್ನು ಮೂಗಿಗೇರಿಸಿಕೊಂಡು, ಸಿಕ್ಕಿಬಿದ್ದವರಂತೆ ನಕ್ಕು, ಅಂದು ಬಡ್ಡಿಯ ವಿಚಾರವನ್ನೇ ಎತ್ತಲಿಲ್ಲ. ಲೈಸೆನ್ಸ್ ಪರೀಕ್ಷೆಯಲ್ಲಿ ಮೂರು ಸಲ ಫೇಲಾದ ಒಬ್ಬ ದಂತವೈದ್ಯನಿಗೆ ಕಾರು ರಿವರ್ಸ್ ತೆಗೆಯಲು ಕಲಿಸುತ್ತಿರುವ ಕಥೆ ಹೇಳಿದರು. ಆ ಮನುಷ್ಯ ಕನ್ನಡಿಯಲ್ಲಿ ಹಿಂದಿನ ರಸ್ತೆ ನೋಡುವುದು ಬಿಟ್ಟು ತನ್ನ ಹಲ್ಲು ನೋಡಿಕೊಳ್ಳುತ್ತಾನಂತೆ. ಅವಳು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

ಈ ಸಂಗತಿಯೆಲ್ಲ ಫೋನಿನಲ್ಲಿ ಅಕ್ಕನ ಕಿವಿಗೆ ಬಿತ್ತು. ಅಕ್ಕ ಬಿಡುವವಳಲ್ಲ.

“ಅಸಲು ಕಳ್ಕೊಂಡು ಈಗ ಬಡ್ಡಿ ಲೆಕ್ಕ ನೋಡ್ತಾ ಕೂತಿದ್ದೀಯಲ್ಲೇ,” ಅಂದಳು.

ಲೆಕ್ಕ ಅಷ್ಟು ಸುಲಭದ್ದಲ್ಲ ಎಂದು ತಂಗಿ ವಾದಿಸಿದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡಂತಾಯಿತು.

ಮೂರನೆಯ ಗುರುವಾರ ಮೇಷ್ಟ್ರು ಕನ್ನಡಕ ಹಾಕಿಕೊಂಡೇ ಬಂದು, ಪಟ್ಟಿಯಲ್ಲಿ ತಪ್ಪಿದೆ ಎಂದರು. ಮೊದಲ ವರ್ಷದ ವಿಮೆ ಹಣವನ್ನು ತಿಂಗಳು ತಿಂಗಳು ಕಟ್ಟಿದಂತೆ ತೋರಿಸಿದ್ದಾರೆ. ನಿಜಕ್ಕೂ ಅಷ್ಟನ್ನೂ ಸಾಲದ ದಿನವೇ ಮುಂಗಡ ಕಟ್ಟಿಸಿಕೊಂಡಿದ್ದರು, ಬಡ್ಡಿ ಆವತ್ತಿನಿಂದಲೇ ಓಡಬೇಕು ಎಂದು ಅವರ ವಾದ. ಅವಳಿಗೆ ಅಂಥದ್ದೇನೂ ನೆನಪಿರಲಿಲ್ಲ. ಇದು ದಿನ ದೂಡಲು ಮೇಷ್ಟ್ರು ಹೂಡಿದ ಆಟ ಎಂದು ಖಾತ್ರಿಯಾಗಿ ಒಳಗೊಳಗೇ ಹಿಗ್ಗಿದಳು. ಅವರು ಬರೆದ ತಕರಾರು ಪತ್ರಕ್ಕೆ ಒಂದಕ್ಷರವನ್ನೂ ಓದದೆ ಸಹಿ ಹಾಕಿದಳು. ಆ ವಾರವೆಲ್ಲ ಅಂಗಡಿಯಲ್ಲಿ ಗಿರಾಕಿಗಳಿಗೆ ಬೇಡದ ರಿಯಾಯಿತಿ ಕೊಟ್ಟಳು.

ಬ್ಯಾಂಕಿನ ಉತ್ತರ ಬುಧವಾರ ಬಂತು. ತಾವು ಹೇಳಿದ್ದು ನಿಜ, ಹಳೆಯ ರಸೀದಿ ನಮ್ಮಲ್ಲೇ ಸಿಕ್ಕಿದೆ, ತಪ್ಪಿಗೆ ವಿಷಾದಿಸುತ್ತೇವೆ, ಬಡ್ಡಿಯನ್ನು ಏರಿಸಿದ್ದೇವೆ, ಈ ಶನಿವಾರದೊಳಗೆ ಸಹಿ ಮಾಡಿ ಕಳಿಸಿ.

ಬಡ್ಡಿ ಏರಿತು, ಅವಳ ಮುಖ ಇಳಿಯಿತು. ಹಾಗಾದರೆ ಆಟವೂ ಇಲ್ಲ, ಮಣ್ಣೂ ಇಲ್ಲ! ಮನುಷ್ಯ ನಿಜವಾಗಿಯೇ ಪಟ್ಟಿ ನೋಡುತ್ತಿದ್ದರು. ತಾನೊಬ್ಬಳು ಇಸ್ತ್ರಿ ಮಾಡಿದ ಬಟ್ಟೆ ತೊಟ್ಟು, ಒಳ್ಳೆಯ ಲೋಟ ತೆಗೆದಿಟ್ಟು, ಗುರುವಾರ ಗುರುವಾರ ಮೇಜು ಒರೆಸಿದ್ದೇ ಬಂತು. ನಾಚಿಕೆಯಿಂದ ಕಿವಿ ಬಿಸಿಯಾಯಿತು. ಆಮೇಲೆ, ಅದರ ಹಿಂದೆಯೇ, ಆ ಸಾಲದ ದಿನ ನೆನಪಾಯಿತು. ಕಾರು ಆವತ್ತು ರಿಪೇರಿಗೆ ಹೋಗಿತ್ತು, ಮುಂಗಡ ಕಟ್ಟಿ ಹೊರಗೆ ಬಂದಾಗ ಇಬ್ಬರ ಹತ್ತಿರವೂ ಬಸ್ಸಿಗೆ ಕಾಸಿರಲಿಲ್ಲ. ಊರಿನ ಈ ತುದಿಯಿಂದ ಆ ತುದಿಗೆ ನಡೆದಿದ್ದರು. ಚಪ್ಪಲಿ ಕಚ್ಚಿ ಅವಳು ಬರಿಗಾಲಲ್ಲಿ ನಡೆದರೆ, ಮೇಷ್ಟ್ರು ಆ ಚಪ್ಪಲಿಗಳನ್ನು ಕೈಯಲ್ಲಿ ಹಿಡಿದು ಪಕ್ಕದಲ್ಲಿ ಬಂದಿದ್ದರು. ಅದನ್ನು ಅವಳು ಮರೆತಿದ್ದಳು, ಅವರು ಮರೆತಿರಲಿಲ್ಲ. ಆದರೆ ನೆನಪಿಟ್ಟುಕೊಂಡದ್ದು ಆ ದಾರಿಯನ್ನೋ ಬರೀ ತಾರೀಖನ್ನೋ, ಕೇಳುವುದು ಹೇಗೆ?

ಗುರುವಾರ ಮೇಷ್ಟ್ರು ಬಂದರು. ಪತ್ರ ಓದಿದರು, ತಲೆಯಾಡಿಸಿದರು, ಸಹಿ ಹಾಕಿದರು. ಅವಳೂ ಹಾಕಿದಳು. ಎಲ್ಲ ಸೇರಿ ಒಂದು ಲೋಟ ಚಹಾ ಆರುವಷ್ಟು ಹೊತ್ತೂ ಹಿಡಿಯಲಿಲ್ಲ. ಲಕೋಟೆ ಅಂಟಿಸಿ, ದಾರಿಯಲ್ಲಿ ಅಂಚೆಗೆ ಹಾಕುತ್ತೇನೆಂದು ಜೇಬಿನಲ್ಲಿಟ್ಟುಕೊಂಡರು. ಒಳ್ಳೆಯದಾಯಿತು, ಒಂದಷ್ಟು ಜಾಸ್ತಿಯೇ ಬಂತು ಎಂದು ಅವರು, ಹೌದು ಎಂದು ಇವಳು. ಅವರು ಬಾಗಿಲ ತನಕ ಹೋದರು. ಅವಳು ಸಿಂಕಿನ ಕಡೆ ತಿರುಗಿ ನಲ್ಲಿ ಬಿಟ್ಟಳು, ಲೋಟ ಕೈಗೆತ್ತಿಕೊಂಡಳು.

ಅಷ್ಟರಲ್ಲಿ ಅವಳಿಗೆ ತನ್ನ ಮೇಲೇ ಸಿಟ್ಟು ಬಂತು. ಇನ್ನೆಷ್ಟು ಪಾತ್ರೆ ತೊಳೆಯಬೇಕು? ನಲ್ಲಿ ನಿಲ್ಲಿಸಿದಳು.

“ಲೆಕ್ಕ ನಾನು ಮೊದಲನೇ ದಿನವೇ ನೋಡಿಬಿಟ್ಟಿದ್ದೆ, ನನಗೆ ಸರಿ ಅಂತಲೇ ಅನ್ನಿಸಿತ್ತು,” ಅಂದಳು. ತಿರುಗಿ ನೋಡುವ ಧೈರ್ಯ ಬರಲಿಲ್ಲ. “ಅರ್ಥ ಆಗ್ತಿಲ್ಲ ಅಂದಿದ್ದು ಸುಳ್ಳು. ನೀವು ಬರಲಿ ಅಂತ ಹಾಗೆ ಹೇಳಿದೆ. ನೀವು ಬಂದ್ರೆ ನನಗೆ ಚೆನ್ನಾಗಿರುತ್ತೆ.”

ಹೋಗಿಯೇಬಿಟ್ಟರೇನೋ ಎಂದುಕೊಳ್ಳುವಷ್ಟರಲ್ಲಿ ಮೇಜಿನ ಕುರ್ಚಿ ಎಳೆದ ಸದ್ದಾಯಿತು.

“ಆ ತಪ್ಪು ಮೊದಲನೇ ಹಾಳೆ ಮೊದಲನೇ ಸಾಲಲ್ಲೇ ಇತ್ತು,” ಅಂದರು ಮೇಷ್ಟ್ರು. “ಕೂತ ತಕ್ಷಣ ಕಾಣಿಸ್ತು ನನಗೆ.”

“ಮತ್ತೆ ಎರಡು ವಾರ ಯಾಕೆ ಹೇಳಲಿಲ್ಲ?”

“ಹೇಳಿದ್ರೆ ಮುಗಿದುಹೋಗ್ತಿತ್ತಲ್ಲ.”

ಅವಳು ಒದ್ದೆ ಕೈಯನ್ನು ಬಟ್ಟೆಗೇ ಒರೆಸಿಕೊಂಡು ಎದುರಿನ ಕುರ್ಚಿಯಲ್ಲಿ ಕೂತಳು. ಮೇಜಿನ ಮೇಲೆ ಈಗ ನೋಡುವಂಥದ್ದು ಏನೂ ಇರಲಿಲ್ಲ.

“ಮುಂದಿನ ಗುರುವಾರ ಬನ್ನಿ,” ಅಂದಳು ಅವಳು. “ಕೆಲಸ ಏನೂ ಇಲ್ಲ. ಸುಮ್ನೆ ಬನ್ನಿ.”

ಮೇಷ್ಟ್ರು ಯೋಚಿಸಿದರು.

“ಗುರುವಾರದ ತನಕ ಯಾಕೆ ಕಾಯ್ಬೇಕು?” ಅಂದರು. “ನಾಳೆ ಬರ್ತೀನಿ.”