ಕುರ್ಚಿ ಕೊಟ್ಟು ಮಾತಾಡುವುದು

ವೀರಭದ್ರಯ್ಯನವರ ಕೈಯಿಂದ ಏಟು ತಿಂದವರು ಯಾರೂ ಕೆಲಸ ಕಳೆದುಕೊಂಡಿರಲಿಲ್ಲ. ಗುಬ್ಬಿಯ ಒಂದು ತಗಡಿನ ಶೆಡ್ಡಿನಲ್ಲಿ ತೆಂಗಿನಕಾಯಿ ಪುಡಿಯ ಫ್ಯಾಕ್ಟರಿ ಶುರುವಾದಾಗಿನಿಂದ ಅಲ್ಲಿನ ಕಾನೂನು ಅದು. ಪುಡಿ ಡ್ರೈಯರಿನಲ್ಲಿ ಕೆಂಪಾಯಿತೋ, ಕೆನ್ನೆಗೊಂದು. ಲಾರಿ ತಡವಾಯಿತೋ, ಬೆನ್ನಿಗೊಂದು. ಹೊಡೆದಾದ ಮೇಲೆ ಯಜಮಾನರ ಕೋಪ ಇಳಿಯುತ್ತಿತ್ತು, ಹೊಡೆಸಿಕೊಂಡವನ ಭಯವೂ ಇಳಿಯುತ್ತಿತ್ತು. ಇಬ್ಬರೂ ಸ್ನಾನ ಮಾಡಿ ಎದ್ದವರಂತೆ ಹಗುರಾಗಿ ಕೆಲಸಕ್ಕೆ ಮರಳುತ್ತಿದ್ದರು.

ಕೆಲಸದಿಂದ ತೆಗೆಯಬೇಕಾದವನಿಗೆ ಮಾತ್ರ ಅವರು ಕೈ ಸೋಕಿಸುತ್ತಿರಲಿಲ್ಲ. ಅಂಥವನನ್ನು ಆಫೀಸಿನೊಳಕ್ಕೆ ಕರೆಸಿ ಎದುರಿನ ಕುರ್ಚಿ ತೋರಿಸುತ್ತಿದ್ದರು. "ಕೂತ್ಕೊಳಪ್ಪ." ಕಾಫಿ ಬರುತ್ತಿತ್ತು. "ಮನೇಲೆಲ್ಲಾ ಚೆನ್ನಾಗವ್ರಾ?" ಅನ್ನುತ್ತಿದ್ದರು. ಅವನ ಕೆಲಸವನ್ನು ಒಂದಿಷ್ಟು ಹೊಗಳುತ್ತಿದ್ದರು. ಕೊನೆಗೆ, "ನಿನ್ನೇನು ತೆಗೀತಿಲ್ಲ, ಯೋಚ್ನೆ ಮಾಡ್ಬೇಡ" ಎಂದು ಕಳಿಸುತ್ತಿದ್ದರು. ಮರುದಿನ ಗೇಟಿನಲ್ಲಿ ಅವನನ್ನು ಒಳಗೆ ಬಿಡುತ್ತಿರಲಿಲ್ಲ. ಬರೀ ಹೊಟ್ಟೆಯವನ ಅನ್ನ ಕಿತ್ತುಕೊಳ್ಳುವುದು ಪಾಪ ಎಂದು ಯಜಮಾನರು ನಂಬಿದ್ದರು. ಆ ಪಾಪಕ್ಕೆ ಅರ್ಧ ಲೋಟ ಕಾಫಿ ಸಾಕು ಎಂದೂ ನಂಬಿದ್ದರು.

ಚನ್ನೇಶ್ ಬೆಳೆದದ್ದು ಈ ಶಾಲೆಯಲ್ಲಿ. ಅವನ ಬಲ ಹುಬ್ಬಿನ ಮೇಲಿನ ಗಾಯದ ಗೆರೆ ಯಜಮಾನರು ಎಸೆದ ಸುಲಿದ ಕಾಯಿಯದು. ಹೊಲಿಗೆ ಬಿಚ್ಚಿಸಿಕೊಂಡು ಬಂದ ದಿನವೇ ಅವನನ್ನು ಸೂಪರ್‌ವೈಸರ್ ಮಾಡಿದ್ದರು. ಹಾಗಾಗಿ ಕನ್ನಡಿಯಲ್ಲಿ ಆ ಗೆರೆ ಕಂಡಾಗಲೆಲ್ಲ ಅವನಿಗೆ ಸರ್ಟಿಫಿಕೇಟು ಕಂಡ ಹಾಗಾಗುತ್ತಿತ್ತು. ಆಮೇಲೆ ಕಂಪನಿ ಬೆಳೆಯಿತು. ತುಮಕೂರಿನಲ್ಲಿ ಎ.ಸಿ. ಇರುವ ಆಫೀಸಾಯಿತು, ಕುಣಿಗಲ್ಲಿನಲ್ಲಿ ಎರಡನೇ ಫ್ಯಾಕ್ಟರಿಯಾಯಿತು, ಅಮೃತೂರು, ಯಡಿಯೂರಿನ ಕಾಯಿ ಎಲ್ಲ ಅಲ್ಲಿಗೇ ಬಂದು ಬೀಳತೊಡಗಿತು. ಕುಣಿಗಲ್ಲಿಗೆ ಚನ್ನೇಶನೇ ಇನ್‌ಚಾರ್ಜ್. ಯಜಮಾನರ ಕುರ್ಚಿಯೊಂದನ್ನು ಬಿಟ್ಟು ಅವರ ಮಿಕ್ಕೆಲ್ಲ ಪದ್ಧತಿಗಳನ್ನೂ ಅವನು ಕುಣಿಗಲ್ಲಿಗೆ ಹೊತ್ತು ತಂದಿದ್ದ. ಕುರ್ಚಿಯ ಸುದ್ದಿ ಮಾತ್ರ ಗುಬ್ಬಿಯಿಂದ ಬಂದ ಹಳಬರ ಬಾಯಲ್ಲಿ ತಾನಾಗಿಯೇ ಬಂದಿತ್ತು.

ತುಮಕೂರು ಆಫೀಸಿಗೆ ಆಪರೇಷನ್ಸ್ ಮ್ಯಾನೇಜರ್ ಆಗಿ ಬಂದ ಅನುಪಮಾ ಮೊದಲ ಸಲ ಕುಣಿಗಲ್ ಫ್ಯಾಕ್ಟರಿ ನೋಡಲು ಬಂದ ದಿನ, ಚಂದ್ರು ಎನ್ನುವವನು ಪುಡಿ ಮಾಡುವ ಮಿಷಿನ್ನಿನ ಬಾಯಿಗೆ ಕೈಯಲ್ಲೇ ಕಾಯಿ ತುರುಕುತ್ತಿದ್ದ. ಕೋಲಿನಲ್ಲಿ ತಳ್ಳಬೇಕೆಂದು ಅವನಿಗೆ ನೂರು ಸಲ ಹೇಳಿಯಾಗಿತ್ತು. ಚನ್ನೇಶ್ ನೂರಾ ಒಂದನೇ ಸಲ ಹೇಳಲಿಲ್ಲ. ಹಿಂದಿನಿಂದ ಹೋಗಿ ಕಿವಿಯ ಮೇಲೆ ಬಿಟ್ಟ. ಚಂದ್ರು ಟ್ರಾಲಿಯ ಅಂಚಿಗೆ ಬಡಿದು ಕೆಳಗೆ ಬಿದ್ದ. ಬಿಳಿ ಪುಡಿಯ ಮೇಲೆ ರಕ್ತ ಬಿದ್ದರೆ ಬಹಳ ಕೆಂಪಾಗಿ ಕಾಣುತ್ತದೆ.

"ಬೆರಳು ಹೋಗೋದ್ನ ಉಳಿಸ್ದೆ ಮೇಡಂ," ಎಂದ ಚನ್ನೇಶ್, ಶಭಾಷ್‌ಗಿರಿಗೆ ಕಾಯುವವನಂತೆ.

ಕಿವಿಯ ತಮಟೆ ಹರಿದಿದೆ ಎಂದರು ಡಾಕ್ಟರು. ಚಂದ್ರು ಕಿವಿಗೆ ಹತ್ತಿ ತುರುಕಿಕೊಂಡು ನಗುನಗುತ್ತಲೇ ಕೆಲಸಕ್ಕೆ ಬಂದ. ಅನುಪಮಾ ಮಾತ್ರ ನಗಲಿಲ್ಲ. ಚನ್ನೇಶನನ್ನು ತುಮಕೂರಿಗೆ ಕರೆಸಿ ಕುರ್ಚಿ ತೋರಿಸಿದಳು. ಅವನು ಕುರ್ಚಿಯಿಂದ ಒಂದು ಹೆಜ್ಜೆ ಹಿಂದೆ ಸರಿದ.

"ಬ್ಯಾಡಿ ಮೇಡಂ, ನಿಂತ್ಕಂಡೇ ಕೇಳ್ತೀನಿ."

ಅವಳು ಅದನ್ನು ವಿನಯ ಎಂದುಕೊಂಡಳು. "ಇನ್ನೊಂದ್ ಸಲ ನೀವು ಯಾರ ಮೇಲಾದ್ರೂ ಕೈ ಎತ್ತಿದ್ರೆ, ಅವತ್ತೇ ನಿಮ್ಮ ಕೆಲಸ ಮುಗೀತು. ಯಜಮಾನರಿಗೂ ಹೇಳಿದೀನಿ, ಒಪ್ಕೊಂಡಿದಾರೆ. ಹೊಡೆಯದೆ ಫ್ಯಾಕ್ಟರಿ ನಡೆಸೋದು ಹೇಗೆ ಅಂತ ನಾವೇ ಕಲಿಸ್ತೀವಿ."

ಕಲಿಸಲು ಬೆಂಗಳೂರಿನಿಂದ ಒಬ್ಬ ತರಬೇತುದಾರ ಬಂದ. ತುಮಕೂರಿನ ಹೋಟೆಲೊಂದರ ಹಾಲ್‌ನಲ್ಲಿ ನಾಯಕತ್ವ ಮತ್ತು ಸಂವಹನ ಎಂಬ ಪಾಠ. ಕೆಳಗಿನವರನ್ನು ಒಬ್ಬೊಬ್ಬರಾಗಿ ಕರೆಯಿರಿ ಎಂದ. ಕುರ್ಚಿ ಕೊಡಿ. ಕಾಫಿ ಕೊಡಿ. ಮನೆಯವರನ್ನು ವಿಚಾರಿಸಿ. ಮೊದಲು ಹೊಗಳಿ, ಆಮೇಲೆ ತಪ್ಪು ಹೇಳಿ. ಕೆಲಸಕ್ಕೆ ಏನೂ ತೊಂದರೆಯಿಲ್ಲ ಎಂದು ಭರವಸೆ ಕೊಟ್ಟು ಕಳಿಸಿ.

ಚನ್ನೇಶ್ ಒಂದೊಂದನ್ನೂ ಬೆರಳಿನಲ್ಲಿ ಎಣಿಸಿಕೊಂಡ. ಹಿಂದಿನ ಸಾಲಿನಲ್ಲಿ ಕೂತಿದ್ದ ಯಜಮಾನರ ಕಡೆ ತಿರುಗಿ ನೋಡಿದ. ವೀರಭದ್ರಯ್ಯ ಬೋಂಡದ ಎಣ್ಣೆಯನ್ನು ಕಾಗದಕ್ಕೆ ಒತ್ತುವುದರಲ್ಲಿ ಮಗ್ನರಾಗಿದ್ದರು.

ಊಟದ ಹೊತ್ತಿಗೆ ಅವನು ಅನುಪಮಾಳನ್ನು ಹಿಡಿದ. "ಮೇಡಂ, ಈ ಕುರ್ಚಿ ಕಾಫಿ ಎಲ್ಲಾ ನಮ್ ಹುಡುಗ್ರಿಗೆ ಆಗಲ್ಲ. ಹೆದರ್ಕತಾರೆ."

"ಕಾಫಿಗಾ?"

"ಊಂ ಮೇಡಂ. ಒಂದೇಟು ಕೊಟ್ರೆ ಧೈರ್ಯವಾಗಿರ್ತಾರೆ."

ಅನುಪಮಾ ತಟ್ಟೆಯನ್ನು ಕೆಳಗಿಟ್ಟಳು. "ಚನ್ನೇಶ್, ನಿಮಗೆ ಹೊಡೆಯೋಕೆ ಒಂದು ನೆಪ ಬೇಕು, ಅಷ್ಟೇ."

ಅದರಲ್ಲಿ ಸ್ವಲ್ಪ ನಿಜವಿತ್ತು. ಮಿಕ್ಕ ನಿಜ ಹೇಳುವಂಥದ್ದಾಗಿರಲಿಲ್ಲ. ಕುರ್ಚಿಯ ಅರ್ಥ ಏನೆಂದು ಬಿಡಿಸಿ ಹೇಳಬೇಕಾದರೆ ಯಜಮಾನರ ಮರ್ಯಾದೆಯನ್ನು ಅವರ ಕಣ್ಣೆದುರೇ ಬಿಡಿಸಬೇಕಾಗುತ್ತಿತ್ತು. ಅನ್ನ ಹಾಕಿದ ಕೈ, ಕೆನ್ನೆಗೂ ಹಾಕಿದ ಕೈ. ಚನ್ನೇಶ್ ಮೊಸರನ್ನ ತಿಂದು ಎದ್ದ.

ಮುಂದಿನ ವಾರ ಕುಣಿಗಲ್ಲಿನ ಆಫೀಸು ಕೋಣೆಗೆ ನೀಲಿ ಪ್ಲಾಸ್ಟಿಕ್ ಕುರ್ಚಿಯೊಂದು ಬಂತು. ಬೆಳಿಗ್ಗೆ ಅನುಪಮಾಳೇ ಕಾರಿನಲ್ಲಿ ಬಂದು, ಪಕ್ಕದ ಕೋಣೆಯಲ್ಲಿ ಕೂತಳು. ಚನ್ನೇಶ್ ಮೊದಲು ಕರೆದದ್ದು ಚಂದ್ರುವನ್ನು.

"ಕೂತ್ಕಳಪ್ಪ ಚಂದ್ರು."

ಚಂದ್ರು ಕುರ್ಚಿಯನ್ನು ನೋಡಿದ. ಕೆಳಗೆ ಹಾವು ಇದೆಯೇನೋ ಎಂಬಂತೆ ನೋಡಿದ. "ಯಾಕಣ್ಣ? ಏನ್ ಮಾಡ್ದೆ ನಾನು?"

"ಏನಿಲ್ಲ ಕೂತ್ಕ. ಕಾಫಿ ಕುಡಿ. ಮನೇಲೆಲ್ಲಾ ಚೆನ್ನಾಗವ್ರಾ?"

ಚಂದ್ರು ಕಿವಿಯ ಹತ್ತಿ ಮುಟ್ಟಿಕೊಂಡ. "ಬೇಕಾದ್ರೆ ಹೊಡ್ದ್ಬುಡಣ್ಣ," ಎಂದ ಮೆಲ್ಲಗೆ. "ಇನ್ನೊಂದು ಕಿವಿ ಐತಲ್ಲ."

ಗೋಡೆಯಾಚೆ ಮೇಡಂ ಕೆಮ್ಮಿದಳು. ಚನ್ನೇಶ್ ಎರಡೂ ಕೈಗಳನ್ನು ತೊಡೆಯ ಕೆಳಗಿಟ್ಟು ಕೂತುಕೊಂಡ. "ನಿನ್ ಕೆಲ್ಸ ಭಾಳ ಚೆನ್ನಾಗೈತೆ. ನಿನ್ನೇನು ತೆಗೀತಿಲ್ಲ. ಯೋಚ್ನೆ ಮಾಡ್ಬೇಡ."

ಚಂದ್ರು ಕಾಫಿಯನ್ನು ಮುಟ್ಟದೆ ಎದ್ದು ಹೋದ. ಅವನ ಹಿಂದೆ ಇನ್ನೊಬ್ಬ ಬಂದ, ಮತ್ತೊಬ್ಬ ಬಂದ. ಒಬ್ಬ ಅತ್ತ. ಒಬ್ಬ ಕಾಫಿಯನ್ನು ಒಂದೇ ಗುಟುಕಿಗೆ ಕುಡಿದು ಲೋಟವನ್ನು ಗೋಡೆಗೆ ಅಪ್ಪಳಿಸಿ ಹೋದ.

ಆ ಫ್ಯಾಕ್ಟರಿಯಲ್ಲಿ ಬೆಳಗಿನಿಂದ ಸಂಜೆಯವರೆಗೂ ಕರಟ ಒಡೆಯುವ ಮಚ್ಚುಗಳ ಟಕಟಕ ಕೇಳುತ್ತಲೇ ಇರುತ್ತದೆ. ಕೇಳಿಸುತ್ತಿದೆ ಎಂಬುದೇ ಯಾರಿಗೂ ನೆನಪಿರುವುದಿಲ್ಲ. ಆ ಸದ್ದು ನಿಂತಿತು. ಚನ್ನೇಶ್ ಕಿಟಕಿಯಿಂದ ನೋಡಿದ. ಕರಟ ಒಡೆಯುವವರು ಎದ್ದು ನಿಂತಿದ್ದರು, ಮಚ್ಚುಗಳು ಅವರ ಕೈಯಲ್ಲೇ ಇದ್ದವು. ಕಾಯಿಯ ಕಂದು ಸಿಪ್ಪೆ ಹೆರೆಯುವ ಹೆಂಗಸರು ಹೆರೆಯುವ ಕತ್ತಿಗಳ ಸಮೇತ ಅವರನ್ನು ಸೇರಿಕೊಳ್ಳುತ್ತಿದ್ದರು. ಎಲ್ಲರಿಗಿಂತ ಮುಂದೆ, ಹೆರೆಯುವವರಲ್ಲಿ ಹಿರಿಯಳಾದ ರಾಧಮ್ಮ.

"ಯಾರ್‌ಯಾರಿಗೆ ಕಾಫಿ ಐತೆ ಅಂತ ಒಟ್ಗೇ ಹೇಳ್ಬುಡಿ," ಎಂದಳು ರಾಧಮ್ಮ. ಕೂಗಲಿಲ್ಲ, ಸಂತೆಯಲ್ಲಿ ರೇಟು ಕೇಳುವಂತೆ ಕೇಳಿದಳು. "ಒಬ್ಬೊಬ್ರುನ್ನೇ ಯಾಕೆ ಕೊಲ್ತೀರ?"

ಗೇಟು ಕಾಯುವ ಸಿದ್ದಗಂಗಯ್ಯ ಅಡ್ಡ ಬಂದ. ವಯಸ್ಸಾದವನು, ಕೈಯಲ್ಲಿ ಲಾಠಿ. ಯಾರೋ ಎಸೆದ ಕಾಯಿ ಅವನ ಬಾಯಿಗೆ ಬಿತ್ತು. ಅವನು ಮೋರೆ ಮುಚ್ಚಿಕೊಂಡು ಕುಕ್ಕರಿಸಿದ. ಬೆರಳ ಸಂದಿಯಿಂದ ರಕ್ತ, ರಕ್ತದ ಜೊತೆ ಒಂದು ಹಲ್ಲು. ಮೊದಲ ರಕ್ತ ಕಂಡ ಮೇಲೆ ಮಿಕ್ಕದ್ದಕ್ಕೆ ಯಾರ ಅಪ್ಪಣೆಯೂ ಬೇಕಾಗಲಿಲ್ಲ. ಅನುಪಮಾಳ ಕಾರಿನ ಗಾಜು ಹೋಯಿತು. ಡ್ರೈಯರಿನ ಪ್ಯಾನಲ್ಲಿಗೆ ಮಚ್ಚು ಬಿದ್ದು ಕಿಡಿ ಹಾರಿತು. ಕಾಯಿ ತೂಕ ಹಾಕುವ ಗುಮಾಸ್ತನನ್ನು ಅವನ ತಕ್ಕಡಿಯ ಮೇಲೇ ಕೆಡವಿ ತುಳಿದರು. ಅವನ ಪಕ್ಕೆಲುಬು ಮುರಿದದ್ದು ಒಣಗರಿ ಮುರಿದಂತೆ ಕೇಳಿತು. ಅವನ ತಪ್ಪೆಂದರೆ ಬೆಳಿಗ್ಗೆ ಕಾಫಿ ತಂದುಕೊಟ್ಟದ್ದು.

ಚನ್ನೇಶ್ ಆಫೀಸಿನ ಮೆಟ್ಟಿಲಿಗೆ ಓಡಿ ಬಂದ. "ಲೇ, ನಿಲ್ರಲೇ! ಯಾರ್ನೂ ತೆಗ್ದಿಲ್ಲ ಕಣ್ರೋ!"

ಕಾಯಿ ಅವನ ಬಲ ಹುಬ್ಬಿಗೆ ಬಂದು ಬಡಿಯಿತು, ಹಳೆಯ ಗೆರೆಯ ಮೇಲೇ. ಕಣ್ಣಿಗೆ ರಕ್ತ ಇಳಿಯಿತು. ಅಷ್ಟರಲ್ಲಿ ಅನುಪಮಾ ಹೊರಗೆ ಬಂದು ಅವನ ಪಕ್ಕದಲ್ಲಿ ನಿಂತಿದ್ದಳು. ಹೆದರಿರಲಿಲ್ಲ ಎನ್ನಲಾಗದು, ಆದರೆ ದನಿ ನಡುಗಲಿಲ್ಲ. ತರಬೇತುದಾರ ಹೇಳಿದಂತೆ ಅಂಗೈಗಳನ್ನು ಬಿಚ್ಚಿ ತೋರಿಸುತ್ತ, ಆ ಹೊತ್ತಿನಲ್ಲಿ ಆಡಬಾರದಿದ್ದ ಮಾತುಗಳನ್ನು ಒಂದೊಂದಾಗಿ ಆಡಿದಳು.

"ಯಾರನ್ನೂ ತೆಗೀತಿಲ್ಲ. ಯೋಚನೆ ಮಾಡ್ಬೇಡಿ. ನೀವೆಲ್ಲ ತುಂಬಾ ಚೆನ್ನಾಗಿ ಕೆಲಸ ಮಾಡ್ತಿದೀರ. ಎಲ್ರೂ ಕೂತ್ಕೊಂಡು ಮಾತಾಡೋಣ."

ಹೆಂಗಸರ ಕಡೆಯಿಂದ ಸಾವಿನ ಮನೆಯ ಗೋಳು ಎದ್ದಿತು. ಚಂದ್ರು ಮೆಟ್ಟಿಲು ಹಾರಿ ಬಂದ. ಮಚ್ಚು ಮೇಲೆ ಹೋದದ್ದು ಚನ್ನೇಶನಿಗೆ ಒಂದೇ ಕಣ್ಣಿನಲ್ಲಿ ಕಂಡಿತು. ಅದು ಬಾಗಿಲ ಚೌಕಟ್ಟಿಗೆ ಕಚ್ಚಿಕೊಂಡಿತು. ಅನುಪಮಾ ಹಿಂದೆ ಸರಿಯುವಾಗ ಅಲ್ಲಿ ಊರಿದ್ದ ಕೈಯನ್ನು ಎಳೆದುಕೊಂಡಳು. ಕಿರುಬೆರಳಿನ ತುದಿ ಚೌಕಟ್ಟಿನಲ್ಲೇ ಉಳಿಯಿತು.

ಚಂದ್ರು ಮಚ್ಚನ್ನು ಕಿತ್ತು ಮತ್ತೆ ಎತ್ತಿದ.

ಚನ್ನೇಶ್ ಹೊಡೆದ. ಯೋಚಿಸಿ ಹೊಡೆದನೋ, ಅಭ್ಯಾಸಕ್ಕೆ ಹೊಡೆದನೋ ಅವನಿಗೇ ಗೊತ್ತಿಲ್ಲ. ಹತ್ತಿಯಿದ್ದ ಕಿವಿಯ ಮೇಲೆ, ಪೂರ್ತಿ ತೋಳು ಬೀಸಿ. ಚಂದ್ರು ಮೆಟ್ಟಿಲುಗಳ ಮೇಲೆ ಉರುಳಿ ಕರಟದ ರಾಶಿಗೆ ಬಿದ್ದ. ಮಚ್ಚು ಠಣ್ಣೆಂದು ದೂರ ಹೋಯಿತು.

ಎತ್ತಿದ ಮಚ್ಚುಗಳು ಎತ್ತಿದಲ್ಲೇ ನಿಂತವು.

ಚಂದ್ರು ಮೊಣಕೈ ಊರಿ ತಲೆ ಎತ್ತಿದ. ಕಿವಿಯಿಂದ ಕತ್ತಿಗೆ, ಕತ್ತಿನಿಂದ ಅಂಗಿಗೆ ರಕ್ತ ಹರಿಯುತ್ತಿತ್ತು. ಅವನ ಮುಖದಲ್ಲಿ ನಿಧಾನವಾಗಿ ಒಂದು ನಗು ಬಂತು.

"ಹಂಗಾದ್ರೆ ತೆಗ್ದಿಲ್ವಾ ಅಣ್ಣ?"

"ಇಲ್ಲ ಕಣೋ, ಬಡ್ಡಿಮಗ್ನೆ."

ಯಾರೋ ಕಿಸಕ್ಕೆಂದರು. ಮಚ್ಚುಗಳು ಒಂದೊಂದಾಗಿ ಕೆಳಗಿಳಿದವು. "ಬೆಳಿಗ್ಗೇನೇ ಒಂದ್ ಬುಟ್ಟಿದ್ರೆ ಈ ರಂಪ ಇರ್ತಿತ್ತಾ?" ಎಂದು ರಾಧಮ್ಮ ಸೆರಗು ಸಿಕ್ಕಿಸಿಕೊಂಡು ತಿರುಗಿದಳು. ಆದರೆ ಬೆಳಿಗ್ಗೆ ಕುರ್ಚಿಯಲ್ಲಿ ಕೂತಿದ್ದ ಇಬ್ಬರು ಹೋಗಲಿಲ್ಲ. ಮೆಟ್ಟಿಲ ಬುಡದಲ್ಲಿ ಬಂದು ನಿಂತರು.

"ನಮ್ಗೂ ಕಾಫಿ ಕೊಟ್ಟಿದ್ರಿ ಅಣ್ಣ," ಎಂದ ಒಬ್ಬ, ಕೆನ್ನೆಯನ್ನು ಸ್ವಲ್ಪ ಮುಂದೆ ಮಾಡಿ.

ಚನ್ನೇಶ್ ಹಿಂದಿರುಗಿ ನೋಡಿದ. ಅನುಪಮಾ ದುಪಟ್ಟಾದಲ್ಲಿ ಬೆರಳನ್ನು ಬಿಗಿಯುತ್ತ ಅವನನ್ನೇ ನೋಡುತ್ತಿದ್ದಳು. ಅವನ ಕೆಲಸ ಆ ನೋಟದಲ್ಲಿತ್ತು, ಫ್ಯಾಕ್ಟರಿ ಈ ಎರಡು ಕೆನ್ನೆಗಳ ಮೇಲಿತ್ತು. ಅವನು ಇಳಿದು ಹೋಗಿ ಇಬ್ಬರಿಗೂ ಒಂದೊಂದು ಕೊಟ್ಟ. ಚೆನ್ನಾಗಿಯೇ ಕೊಟ್ಟ, ಮನಸ್ಸಿಗೆ ಸಮಾಧಾನವಾಗುವ ಹಾಗೆ. ಒಬ್ಬನ ತುಟಿ ಸೀಳಿತು. ಅವರು ತಲೆ ಬಾಗಿಸಿ ಕೆಲಸಕ್ಕೆ ಹೋದರು. ಟಕಟಕ ಮತ್ತೆ ಶುರುವಾಯಿತು.

ಗಾಯವಾದವರನ್ನೆಲ್ಲ ಒಂದೇ ವ್ಯಾನಿನಲ್ಲಿ ಆಸ್ಪತ್ರೆಗೆ ಒಯ್ದರು. ಅಲ್ಲಿನ ಬೆಂಚಿನ ಮೇಲೆ, ಹೊಲಿಗೆಗೆ ಕಾಯುತ್ತ, ಸಿದ್ದಗಂಗಯ್ಯ ಹೊಸ ಕಿಂಡಿಯಿರುವ ಬಾಯಿಯಿಂದ ಅನುಪಮಾಳಿಗೆ ಕುರ್ಚಿಯ ಕಥೆ ಹೇಳಿದ. ಅವಳು ಕೊನೆಯವರೆಗೂ ಕೇಳಿದಳು. "ಇದನ್ನ ನಂಗೆ ಯಾಕ್ ಯಾರೂ ಹೇಳ್ಲಿಲ್ಲ?" ಎಂದಳು.

"ಚನ್ನೇಸ ಹೇಳಕ್ ಬಂದಿದ್ನಂತಲ್ಲವ್ವ," ಎಂದ ಅವನು.

ಅನುಪಮಾ ಬೆರಳಿಗೆ ಹೊಲಿಗೆ ಹಾಕಿಸಿಕೊಂಡಳು. ಆಮೇಲೆ ಆಸ್ಪತ್ರೆಯ ಬಾಗಿಲಲ್ಲಿ, ಹುಬ್ಬಿಗೆ ಪಟ್ಟಿ ಹಾಕಿಸಿಕೊಂಡು ಬಂದ ಚನ್ನೇಶನ ಎದುರು ನಿಂತಳು.

"ಅವತ್ತು ನಿಮ್ ಮಾತು ನಾನು ಕೇಳ್ಬೇಕಿತ್ತು. ತಪ್ಪು ನಂದು. ನನ್ನ ಜೀವ ಉಳಿಸಿದ್ರಿ, ಅದೂ ನಿಜ. ಆದ್ರೆ ಚಂದ್ರು ಕಿವಿ ಪೂರ್ತಿ ಹೋಗಿದೆ. ಆಮೇಲೆ ಆ ಇಬ್ರನ್ನ ಹೊಡೆದ್ರಲ್ಲ, ಅವರ ಕೈಯಲ್ಲಿ ಏನೂ ಇರ್ಲಿಲ್ಲ. ನಾಳೆಯಿಂದ ನೀವು ಬರ್ಬೇಡಿ."

ಚನ್ನೇಶ್ ತಲೆಯಾಡಿಸಿದ. ಸುತ್ತ ನೋಡಿದ. ಕುರ್ಚಿಯಿಲ್ಲ. ಕಾಫಿಯಿಲ್ಲ. ಮನೆಗೆ ಹೋಗುವ ಬಸ್ಸಿನಿಂದ ಯಜಮಾನರಿಗೆ ಫೋನು ಮಾಡಿದ. ವೀರಭದ್ರಯ್ಯ ಅವನ ಅಪ್ಪ, ಅಜ್ಜ, ಮುತ್ತಜ್ಜನವರೆಗೆ ಯಾರನ್ನೂ ಬಿಡದೆ ಬೈದು, ಎದುರಿಗಿದ್ದಿದ್ದರೆ ಹಲ್ಲು ಉದುರಿಸುತ್ತಿದ್ದೆ ಎಂದರು. ಚನ್ನೇಶನಿಗೆ ಜೀವ ಬಂದಂತಾಯಿತು. ಮೇಡಂ ಸಿಟ್ಟಿನಲ್ಲಿ ಏನೋ ಅಂದಿದ್ದಾಳೆ, ಬುಡು, ಎಂದುಕೊಂಡ. ಚೆನ್ನಾಗಿ ನಿದ್ದೆ ಮಾಡಿದ.

ಬೆಳಿಗ್ಗೆ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಫ್ಯಾಕ್ಟರಿಗೆ ಹೋದ. ಸಿದ್ದಗಂಗಯ್ಯ, ಊದಿದ ಬಾಯಿಗೆ ಟವಲು ಸುತ್ತಿಕೊಂಡವನು, ಗೇಟು ತೆಗೆಯಲಿಲ್ಲ. ನೆಲ ನೋಡಿಕೊಂಡು ನಿಂತ.

"ತಗಿ ಸಿದ್ದಗಂಗಣ್ಣ, ಹೊತ್ತಾಯ್ತು."

ಸಿದ್ದಗಂಗಯ್ಯ ಟವಲನ್ನು ಇನ್ನಷ್ಟು ಬಿಗಿದುಕೊಂಡ. ಚನ್ನೇಶ್ ಸರಳು ಹಿಡಿದು ಅಲುಗಿಸಿದ, ಗೇಟಿಗೆ ಒದ್ದ, ಬೈದ. ಒಳಗೆ ಟಕಟಕ ನಡೆದೇ ಇತ್ತು. ಬಿಸಿಲು ಏರಿತು. ಅವನು ಅಲ್ಲೇ ನಿಂತಿದ್ದ.

ಆಮೇಲೆ ಒಳಗಿನಿಂದ ಚಂದ್ರು ಬಂದ. ತಲೆಗೆಲ್ಲ ಬಿಳಿ ಪಟ್ಟಿ. ಒಂದು ಕೈಯಲ್ಲಿ ನೀಲಿ ಕುರ್ಚಿ, ಇನ್ನೊಂದರಲ್ಲಿ ಕಾಫಿ ಲೋಟ. ಸಿದ್ದಗಂಗಯ್ಯ ಚಿಕ್ಕ ಬಾಗಿಲನ್ನು ಅವನಿಗೆ ಮಾತ್ರ ತೆಗೆದ. ಚಂದ್ರು ರಸ್ತೆಯ ಪಕ್ಕ, ಹೊಂಗೆ ಮರದ ನೆರಳಿನಲ್ಲಿ ಸಮತಟ್ಟಾದ ಜಾಗ ಹುಡುಕಿ ಕುರ್ಚಿ ಹಾಕಿದ. ಅಂಗಿಯ ತುದಿಯಲ್ಲಿ ಅದರ ಧೂಳು ಒರೆಸಿದ.

"ಯಾವೋನ್ಲಾ ಹೇಳಿದ್ದು ನಿಂಗೆ, ಇದ್ನ ತರಕ್ಕೆ?" ಚನ್ನೇಶನ ಕೈ ತಾನಾಗಿಯೇ ಮೇಲೆದ್ದಿತ್ತು.

ಚಂದ್ರುವಿಗೆ ಕೇಳಿಸಲಿಲ್ಲ. ಉಳಿದ ಕಿವಿಯನ್ನು ಇತ್ತ ತಿರುಗಿಸಿದ. ತಿರುಗಿಸಿದಾಗ ಕೆನ್ನೆಯೂ ಹತ್ತಿರ ಬಂತು. ಚನ್ನೇಶ್ ಇನ್ನೊಂದು ಸಲ ಕೇಳಿದ.

"ಯಾರೂ ಹೇಳಿಲ್ಲ ಕಣಣ್ಣ," ಎಂದ ಚಂದ್ರು. "ಬೆಳಗ್ಗಿಂದ ನಿಂತಿದ್ದಲ್ಲ, ಪಾಪ ಗೊತ್ತಾಗಿಲ್ವೇನೋ ಅನ್ನುಸ್ತು." ಲೋಟವನ್ನು ಮುಂದೆ ಚಾಚಿದ. "ಕೂತ್ಕಣ್ಣ. ಮನೇಲೆಲ್ಲಾ ಚೆನ್ನಾಗವ್ರಾ?"

ಮೇಲೆದ್ದಿದ್ದ ಕೈಗೆ ಬೇರೆ ಕೆಲಸ ತೋಚದೆ ಅದು ಲೋಟವನ್ನು ತೆಗೆದುಕೊಂಡಿತು. ಚನ್ನೇಶ್ ಕೂತ.